ಕರಗುವ ಬಿಸಿಯಲ್ಲಿ ತಿರುಗುವ ಅಲಗು: ಜೆಟ್ ಎಂಜಿನ್ನಿನ ಲೋಹಚರಿತ್ರೆ

ಜೆಟ್ ಎಂಜಿನ್ನಿನ ತತ್ತ್ವವನ್ನು ಹೈಸ್ಕೂಲು ಮಕ್ಕಳಿಗೂ ವಿವರಿಸಬಹುದು. ಮುಂದಿನಿಂದ ಒಳಬಂದ ಗಾಳಿಯನ್ನು ಕಂಪ್ರೆಸರ್ ಒತ್ತುತ್ತದೆ. ದಹನಕೋಶದಲ್ಲಿ ಇಂಧನ ಉರಿದು ಅದನ್ನು ಹಿಗ್ಗಿಸುತ್ತದೆ. ಬಿಸಿ ಅನಿಲ ಹಿಂದಕ್ಕೆ ರಭಸದಿಂದ ಚಿಮ್ಮಿದಾಗ, ನ್ಯೂಟನ್ನನ ಮೂರನೆಯ ನಿಯಮದಂತೆ, ವಿಮಾನ ಮುಂದಕ್ಕೆ ಸಾಗುತ್ತದೆ. ಹೊರಬೀಳುವ ಮುನ್ನ ಅನಿಲ ಟರ್ಬೈನನ್ನು ತಿರುಗಿಸುತ್ತದೆ. ಟರ್ಬೈನು ಕಂಪ್ರೆಸರನ್ನು ತಿರುಗಿಸುತ್ತದೆ. ಇಂದಿನ ದೊಡ್ಡ ಪ್ರಯಾಣಿಕ ವಿಮಾನಗಳಲ್ಲಿ ಮುಂದಿನ ಫ್ಯಾನನ್ನು ತಿರುಗಿಸುವುದೂ ಅದೇ. ಅಲ್ಲಿ ನೂಕುಬಲದ ಬಹುಪಾಲು ಬರುವುದು ದಹನಕೋಶವನ್ನು ಹೊಗದೆ ಪಕ್ಕದಲ್ಲೇ ಹಾದುಹೋಗುವ ಗಾಳಿಯಿಂದ.

ಇಷ್ಟು ಸರಳವಾದ ಯಂತ್ರವನ್ನು ಯುದ್ಧವಿಮಾನಕ್ಕಾಗಿ ಸ್ವಂತವಾಗಿ ತಯಾರಿಸಬಲ್ಲ ದೇಶಗಳು ಬೆರಳೆಣಿಕೆಯಷ್ಟೇ. ಇದಕ್ಕೆ ದೊಡ್ಡ ಕಾರಣ ಟರ್ಬೈನಿನ ಮೊದಲ ಸಾಲಿನ ಅಲಗಿನಲ್ಲಿದೆ ಎಂಬುದು ಈ ಲೇಖನದ ವಾದ.

ಬ್ರಿಟನ್ನಿನ ಫ್ರಾಂಕ್ ವಿಟ್ಲ್ 1930ರಲ್ಲೇ ಪೇಟೆಂಟಿಗೆ ಅರ್ಜಿ ಹಾಕಿದ್ದರೂ ಅವರ ಎಂಜಿನ್ ಮೊದಲು ಓಡಿದ್ದು 1937ರ ಏಪ್ರಿಲ್‌ನಲ್ಲಿ. ಜರ್ಮನಿಯ ಹ್ಯಾನ್ಸ್ ಫಾನ್ ಓಹೈನ್ ರೂಪಿಸಿದ ಎಂಜಿನ್ 1939ರ ಆಗಸ್ಟ್ 27ರಂದು ಹೈಂಕೆಲ್ 178 ವಿಮಾನವನ್ನು ಹಾರಿಸಿತು. ಆಕಾಶದಲ್ಲಿ ಜರ್ಮನಿ ಮುಂದಿತ್ತು. ಆದರೆ ಬಿಸಿ ತಾಳುವ ಮಿಶ್ರಲೋಹಕ್ಕೆ ಬೇಕಾದ ನಿಕ್ಕಲ್, ಕ್ರೋಮಿಯಂ ಯುದ್ಧಕಾಲದಲ್ಲಿ ಅದಕ್ಕೆ ಸಾಲದಾದವು. ಮೆಸರ್‌ಸ್ಮಿಟ್ 262 ಯುದ್ಧವಿಮಾನದ ಯೂಮೊ 004 ಎಂಜಿನ್ 10ರಿಂದ 25 ಗಂಟೆ ಓಡುವಷ್ಟರಲ್ಲಿ ಸವೆದುಹೋಗುತ್ತಿತ್ತು. ಬ್ರಿಟನ್ನಿನವರ ಕೈಯಲ್ಲಿ ನಿಮೋನಿಕ್ ಎಂಬ ನಿಕ್ಕಲ್ ಮಿಶ್ರಲೋಹವಿತ್ತು.

ಅಲಗಿನ ಕಷ್ಟವೇನು? ಇಂದಿನ ಎಂಜಿನ್ನುಗಳಲ್ಲಿ ಟರ್ಬೈನಿಗೆ ಬಡಿಯುವ ಅನಿಲದ ಬಿಸಿ 1500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅಲಗಿನ ಲೋಹವೋ 1400 ಡಿಗ್ರಿ ಮುಟ್ಟುವ ಮೊದಲೇ ಕರಗತೊಡಗುತ್ತದೆ. ಜೊತೆಗೆ, ತಿರುಗುವ ರಭಸಕ್ಕೆ ಅಂಗೈಯಲ್ಲಿ ಹಿಡಿಯುವಂಥ ಒಂದೊಂದು ಅಲಗಿನ ಬುಡದ ಮೇಲೂ ತುಂಬಿದ ಬಸ್ಸನ್ನು ತೂಗುಹಾಕಿದಷ್ಟು ಎಳೆತ ಬೀಳುತ್ತದೆ. ಬಿಸಿ, ಎಳೆತ ಎರಡೂ ಸೇರಿದರೆ ಲೋಹ ಕೂಡಲೇ ಮುರಿಯದಿದ್ದರೂ ದಿನೇದಿನೇ ಕೂದಲೆಳೆಯಷ್ಟು ಉದ್ದವಾಗುತ್ತ ಹೋಗುತ್ತದೆ.

ಎಂಜಿನಿಯರುಗಳು ಕಂಡುಕೊಂಡ ಉಪಾಯಗಳು ಮೂರು. ಅಲಗನ್ನು ಟೊಳ್ಳಾಗಿ ಎರಕ ಹೊಯ್ದು, ಕಂಪ್ರೆಸರಿನಿಂದ ಕದ್ದ ಗಾಳಿಯನ್ನು ಒಳಗೆ ಹಾಯಿಸುತ್ತಾರೆ. ಅದು ಸಣ್ಣ ರಂಧ್ರಗಳಿಂದ ಹೊರಬಂದು ಮೈಮೇಲೆ ತೆಳು ಪೊರೆಯಾಗಿ ಹರಿಯುತ್ತದೆ. ಈ ‘ತಂಪುಗಾಳಿ’ಯೂ ನೂರಾರು ಡಿಗ್ರಿ ಬಿಸಿಯದೇ. ಎರಡನೆಯದು ಜಿರ್ಕೋನಿಯಾ ಪಿಂಗಾಣಿಯ ಲೇಪ. ಮೂರನೆಯದು ಏಕಸ್ಫಟಿಕ ಎರಕ: ಕರಗಿದ ಲೋಹವನ್ನು ಅಚ್ಚಿನ ತಳದಿಂದ ನಿಧಾನವಾಗಿ ತಣಿಸುತ್ತಾರೆ. ಗಟ್ಟಿಯಾಗುವ ಹರಳುಗಳು ಸುರುಳಿಯಂಥ ಕಿರುಹಾದಿಯಲ್ಲಿ ಹತ್ತಬೇಕು. ಒಂದೇ ಒಂದು ಮೇಲೆ ತಲುಪಿ ಇಡೀ ಅಲಗಾಗಿ ಬೆಳೆಯುತ್ತದೆ. ಹರಳುಗಳ ನಡುವಿನ ಸಂದೇ ಇಲ್ಲದ ಮೇಲೆ ಅಲ್ಲಿ ಲೋಹ ಬಿಡುವ ಭಯವೂ ಇಲ್ಲ. ಇಂಥ ಅಲಗುಗಳು 1980ರ ದಶಕದಲ್ಲಿ ಪ್ರಯಾಣಿಕ ವಿಮಾನಗಳಿಗೆ ಬಂದವು.

ಬೆಂಗಳೂರಿನ ಅನುಭವವೂ ಈ ವಾದವನ್ನೇ ಬೆಂಬಲಿಸುತ್ತದೆ. 1961ರಲ್ಲಿ ಇಲ್ಲಿ ಹಾರಿದ ಮರುತ್ ಯುದ್ಧವಿಮಾನ, ತಕ್ಕ ಎಂಜಿನ್ ಸಿಗದೆ, ಅಂದುಕೊಂಡ ವೇಗ ಮುಟ್ಟಲಿಲ್ಲ. ತೇಜಸ್ ಯುದ್ಧವಿಮಾನಕ್ಕಾಗಿ ಎಂಜಿನ್ ಸಂಶೋಧನಾ ಸಂಸ್ಥೆ ಜಿಟಿಆರ್‌ಇಯ ಕಾವೇರಿ ಎಂಜಿನ್ ಯೋಜನೆ 1989ರಲ್ಲಿ ಮಂಜೂರಾಯಿತು. ಗುರಿ ಸುಮಾರು 81 ಕಿಲೋನ್ಯೂಟನ್ ನೂಕುಬಲ. ತೂಕ ಹೆಚ್ಚಾಯಿತು, ನೂಕುಬಲ ಕಡಿಮೆ ಬಿತ್ತು; 2008ರಲ್ಲಿ ಅದನ್ನು ತೇಜಸ್‌ನಿಂದ ಬೇರ್ಪಡಿಸಲಾಯಿತು. ತೇಜಸ್ 2001ರ ಮೊದಲ ಹಾರಾಟದಿಂದಲೂ ಅಮೆರಿಕದ ಎಫ್404 ಎಂಜಿನ್ನನ್ನೇ ನೆಚ್ಚಿಕೊಂಡಿದೆ. 2021ರಲ್ಲಿ ಹೈದರಾಬಾದಿನ ರಕ್ಷಣಾ ಲೋಹ ಪ್ರಯೋಗಾಲಯ ಡಿಎಂಆರ್‌ಎಲ್ 60 ಏಕಸ್ಫಟಿಕ ಅಲಗುಗಳನ್ನು ವಿಮಾನ ತಯಾರಿಕಾ ಸಂಸ್ಥೆ ಎಚ್‌ಎಎಲ್‌ಗೆ ಒಪ್ಪಿಸಿತು. ಅವು ಹೆಲಿಕಾಪ್ಟರ್ ಎಂಜಿನ್ನಿಗೆ. ಕಾವೇರಿಯ ಹಿನ್ನಡೆಯನ್ನು ಅಳೆಯುವವರು ವಿನ್ಯಾಸದ ಜೊತೆಗೆ ಈ ಎರಕದ ಮನೆಗಳ ಇತಿಹಾಸವನ್ನೂ ಓದಬೇಕಾಗುತ್ತದೆ.