‘ಹಾಲು ಸಾಲದು’ ಎಂಬ ಮಾತಿನ ಚರಿತ್ರೆ

ಹಸು ಕರು ಹಾಕಿದ ಮನೆಯಿಂದ ಗಿಣ್ಣುಹಾಲು ಬಂತೆಂದರೆ ನಮ್ಮ ಮೈಸೂರಿನ ಹಳೆಯ ಮನೆಗಳಲ್ಲಿ ಅಂದು ಸಣ್ಣ ಹಬ್ಬವೇ. ಬೆಲ್ಲ, ಏಲಕ್ಕಿ ಬೆರೆಸಿ ಹಬೆಯಲ್ಲಿ ಬೇಯಿಸಿ, ಚೌಕವಾಗಿ ಕತ್ತರಿಸಿ ಅಕ್ಕಪಕ್ಕದವರಿಗೂ ಹಂಚುತ್ತಿದ್ದರು. ಕರುವಿಗೆ ಮೊದಲು ಕುಡಿಸದೆ ಗಿಣ್ಣು ಕರೆದುಕೊಳ್ಳಬಾರದು ಎಂಬ ತಿಳಿವಳಿಕೆಯೂ ಅವರಿಗಿತ್ತು. ಗಿಣ್ಣು ಕುಡಿಯದ ಕರು ಬದುಕಿ ಉಳಿಯುವುದು ಕಷ್ಟವೆಂದು ದನ ಸಾಕಿದವರಿಗೆಲ್ಲ ಗೊತ್ತು. ಆದರೆ ಅದೇ ಮನೆಯಲ್ಲಿ ಸೊಸೆ ಹೆತ್ತಾಗ ಅವಳ ಎದೆಯಲ್ಲಿ ಮೊದಲು ಬರುವ ದಪ್ಪನೆಯ ಹಳದಿ ಹಾಲನ್ನು ಕೆಟ್ಟ ಹಾಲೆಂದು ಹಿಂಡಿ ಚೆಲ್ಲಿಸುತ್ತಿದ್ದರು. ಮಗುವಿಗೆ ಎರಡು ಮೂರು ದಿನ ಸಕ್ಕರೆ ನೀರು, ಜೇನುತುಪ್ಪ. ಕರುವಿನ ವಿಷಯದಲ್ಲಿದ್ದ ವಿವೇಕ ಕೂಸಿನ ವಿಷಯದಲ್ಲಿ ಏಕೆ ತಪ್ಪಿತು?

ನಮ್ಮ ಹಿರಿಯರನ್ನಷ್ಟೇ ದೂರಬೇಕಾಗಿಲ್ಲ. ಸುಶ್ರುತ ಸಂಹಿತೆಯಲ್ಲಿಯೂ ಬಾಣಂತಿಗೆ ಮೂರು ನಾಲ್ಕು ದಿನಗಳ ಮೇಲೆ ಹಾಲಿಳಿಯುತ್ತದೆಂದೂ ಅಲ್ಲಿಯವರೆಗೆ ಮಗುವಿಗೆ ಜೇನು, ತುಪ್ಪ ಕೊಡಬೇಕೆಂದೂ ಇದೆ. ಎರಡನೆಯ ಶತಮಾನದಲ್ಲಿ ರೋಮ್ ನಗರದಲ್ಲಿದ್ದ ಗ್ರೀಕ್ ವೈದ್ಯ ಸೊರಾನಸ್ ಕೂಡ ತಾಯಿಯ ಮೊದಲ ಹಾಲು ಮಗುವಿಗೆ ಒಗ್ಗುವುದಿಲ್ಲವೆಂದೇ ಬರೆದ. ಹುಟ್ಟಿದ ಕೂಡಲೇ ಮಗುವನ್ನು ತಾಯಿಯ ಎದೆಗೆ ಹಚ್ಚಬೇಕೆಂದು ಇಂಗ್ಲೆಂಡಿನ ವೈದ್ಯ ವಿಲಿಯಂ ಕ್ಯಾಡೊಗನ್ ಗಟ್ಟಿಯಾಗಿ ಹೇಳಿದ್ದು 1748ರಲ್ಲಿ. ಆ ಹಳದಿ ಹಾಲಿನಲ್ಲಿ ರೋಗಗಳನ್ನು ತಡೆಯುವ ಶಕ್ತಿ ತುಂಬಿರುತ್ತದೆಂದು, ಅದು ಮಗುವಿನ ಮೊದಲ ಲಸಿಕೆಯೇ ಎಂದು ವಿಜ್ಞಾನ ವಿವರಿಸಿದ್ದು ಅದಕ್ಕಿಂತಲೂ ಬಹಳ ತಡವಾಗಿ. ಅಲ್ಲಿಯವರೆಗೆ ಹೆತ್ತವಳ ಕಿವಿಗೆ ಬೀಳುತ್ತಿದ್ದ ಮಾತು ಎಲ್ಲ ದೇಶಗಳಲ್ಲೂ ಒಂದೇ: ‘ನಿನ್ನ ಹಾಲು ಇನ್ನೂ ಸರಿಯಿಲ್ಲ, ಸಾಲದು.’

ಈ ‘ಸಾಲದು’ ಎಂಬ ಮಾತನ್ನು ನಾನು ಬಹಳ ದಿನಗಳಿಂದ ಗಮನಿಸುತ್ತ ಬಂದಿದ್ದೇನೆ. ಚರಿತ್ರೆಯಲ್ಲಿ ಅದನ್ನು ಹೇಳುವವರು ಬದಲಾಗಿದ್ದಾರೆ, ಮಾತು ಮಾತ್ರ ಬದಲಾಗಿಲ್ಲ.

ಮೊದಲು ಹಾಗೆಂದವರು ಮನೆಯ ಹಿರಿಯರು. ಆದರೆ ಅವರು ಬಾಣಂತಿಯನ್ನು ಕೈಬಿಡಲಿಲ್ಲ ಎನ್ನುವುದನ್ನೂ ಹೇಳಲೇಬೇಕು. ಸೂಲಗಿತ್ತಿ, ಅಜ್ಜಿ, ಚಿಕ್ಕಮ್ಮ, ಅತ್ತೆ ಹೀಗೆ ಯಾರಾದರೊಬ್ಬರು ಪಕ್ಕದಲ್ಲಿ ಕುಳಿತು ಕೂಸನ್ನು ಎದೆಗೆ ಹಿಡಿಸುತ್ತಿದ್ದರು. ಸಬ್ಬಸಿಗೆ ಸೊಪ್ಪು, ಮೆಂತ್ಯ, ಬೆಳ್ಳುಳ್ಳಿ, ತುಪ್ಪ ಹಾಕಿದ ಬಿಸಿ ಅನ್ನ ಬಾಣಂತಿಯ ತಟ್ಟೆಗೆ ಬರುತ್ತಿತ್ತು. ಈ ಪದಾರ್ಥಗಳಿಂದ ಹಾಲು ಎಷ್ಟು ಹೆಚ್ಚುತ್ತದೋ ಗೊತ್ತಿಲ್ಲ. ಆದರೆ ಹೊತ್ತುಹೊತ್ತಿಗೆ ಬಡಿಸುವ ಕೈ ಇದೆ ಎಂಬ ನೆಮ್ಮದಿಯಿಂದ ಹೆಚ್ಚುತ್ತದೆ ಎನ್ನುವುದನ್ನು ನಾನು ಕಂಡಿದ್ದೇನೆ. ಎದೆ ಕಚ್ಚಲಾರದ ಬಡಕಲು ಕೂಸಿಗೆ ಒಳಲೆ ಇತ್ತು. ಹಿತ್ತಾಳೆಯದೋ ಬೆಳ್ಳಿಯದೋ ಪುಟ್ಟ ಬಟ್ಟಲು, ತುದಿಯಲ್ಲಿ ಚೂಪಾದ ಬಾಯಿ. ಹಾಲು ಹಿಂಡಿ ಅದರಲ್ಲಿ ಹನಿಹನಿಯಾಗಿ ಕುಡಿಸುತ್ತಿದ್ದರು. ತೊಳೆಯುವುದು ಸುಲಭ, ಸಂದುಗೊಂದುಗಳಿಲ್ಲ. ಇಂದಿನ ಆಸ್ಪತ್ರೆಗಳ ನವಜಾತ ಶಿಶು ವಿಭಾಗಗಳಲ್ಲಿ ಬಾಟಲಿ ಬಿಟ್ಟು ಈ ಒಳಲೆಯನ್ನೇ ಬಳಸಲು ಹೇಳುತ್ತಾರೆ. ಅಜ್ಜಿಯರ ಒಂದು ತಿಳಿವಳಿಕೆ ತಪ್ಪಾಗಿತ್ತು, ಇನ್ನೊಂದು ಸರಿಯಾಗಿತ್ತು. ಎರಡನ್ನೂ ಒಂದೇ ಗಂಟಿಗೆ ಕಟ್ಟಿ ಎಸೆಯುವುದು ಜಾಣತನವಲ್ಲ.

ಮಗು ಎದೆಹಾಲು ಕುಡಿಯುವಷ್ಟು ಕಾಲ ಮತ್ತೆ ಬಸಿರು ನಿಲ್ಲುವುದಿಲ್ಲವೆಂದು ಆ ಕಾಲದ ಹೆಂಗಸರು ನಂಬಿದ್ದರು. ಹಗಲೂ ರಾತ್ರಿಯೂ ಬರೀ ಎದೆಹಾಲನ್ನೇ ಕೊಡುವವರಿಗೆ, ಮುಟ್ಟು ಮರಳುವ ತನಕ, ಮೊದಲ ಆರು ತಿಂಗಳು ಇದು ಬಹುಪಾಲು ನಿಜ. ಅದರಾಚೆಗೆ ನೆಚ್ಚುವಂತಿಲ್ಲ. ಹೆರಿಗೆಗಳ ನಡುವೆ ಅಂತರ ಬೇಕೆಂಬುದನ್ನು ಅಂದಿನ ಮೈಸೂರು ಸಂಸ್ಥಾನ ಅರ್ಥಮಾಡಿಕೊಂಡು 1930ರಲ್ಲಿಯೇ ಸರ್ಕಾರಿ ಸಂತಾನ ನಿಯಂತ್ರಣ ಕೇಂದ್ರಗಳನ್ನು ತೆರೆಯಿತು. ಸರ್ಕಾರವೊಂದು ಇಂಥ ಕೆಲಸಕ್ಕೆ ಕೈಹಾಕಿದ್ದು ಪ್ರಪಂಚದಲ್ಲೇ ಮೊದಲೆಂದು ಅದನ್ನು ಹೆಸರಿಸುತ್ತಾರೆ.

ಎರಡನೆಯದಾಗಿ ‘ಸಾಲದು’ ಎಂದದ್ದು ಡಬ್ಬಿ. ಜರ್ಮನಿಯ ರಸಾಯನಶಾಸ್ತ್ರಜ್ಞ ಲೀಬಿಗ್ 1860ರ ದಶಕದಲ್ಲಿ ಕೂಸುಗಳ ಆಹಾರವನ್ನು ತಯಾರಿಸಿದ. 1867ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹೆನ್ರಿ ನೆಸ್ಲೆ ಹಾಲು, ಗೋಧಿಹಿಟ್ಟು, ಸಕ್ಕರೆ ಬೆರೆಸಿದ ಪುಡಿಯನ್ನು ಮಾರಾಟಕ್ಕೆ ತಂದ. ಇವರ ಉದ್ದೇಶ ಕೆಟ್ಟದ್ದೆಂದು ಹೇಳಲಾರೆ. ತಾಯಿಯಿಲ್ಲದ ತಬ್ಬಲಿಗಳು ಆ ಕಾಲದಲ್ಲಿ ಉಳಿಯುತ್ತಿದ್ದುದೇ ಕಡಿಮೆ. ಆದರೆ ತಬ್ಬಲಿಗಳಿಗೆಂದು ಹುಟ್ಟಿದ ಪುಡಿ ತಾಯಿ ಇರುವ ಮಕ್ಕಳ ಮನೆಗೂ ಬಂತು. ಗುಂಡುಗುಂಡಾದ ಮಗುವಿನ ಚಿತ್ರ ಜಾಹೀರಾತಾಗಿ ಗೋಡೆ ಏರಿತು.

ಈ ಕಥೆಯ ಒಂದು ಮುಖ್ಯ ಅಧ್ಯಾಯ ನಡೆದದ್ದು ನಮ್ಮ ಊರಿನಲ್ಲೇ. ನಾಲ್ವಡಿ ಕೃಷ್ಣರಾಜ ಒಡೆಯರ ತಂಗಿ ಚೆಲುವಾಜಮ್ಮಣ್ಣಿಯವರಿಗಾಗಿ ಕಟ್ಟಿಸಿದ ಚೆಲುವಾಂಬ ಅರಮನೆಯಲ್ಲಿ 1950ರ ಅಕ್ಟೋಬರಿನಲ್ಲಿ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ ಆರಂಭವಾಯಿತು. ನಾವೆಲ್ಲ ಸಿ.ಎಫ್.ಟಿ.ಆರ್.ಐ. ಎಂದು ಕರೆಯುವ ಸಂಸ್ಥೆ ಅದೇ. ಆಗ ಹಾಲಿನ ಪುಡಿಗಾಗಿ ಪರದೇಶವನ್ನೇ ನೆಚ್ಚಬೇಕಾಗಿತ್ತು. ನಮ್ಮಲ್ಲಿ ಎಮ್ಮೆ ಹಾಲು ಹೇರಳ. ಆದರೆ ಅದರಲ್ಲಿ ಜಿಡ್ಡು ತಾಯಿಹಾಲಿನ ಸುಮಾರು ಎರಡರಷ್ಟು, ಸಸಾರಜನಕವೂ ಬಹಳ ಹೆಚ್ಚು. ಕೂಸಿನ ಹೊಟ್ಟೆಯಲ್ಲಿ ಅದು ಗಟ್ಟಿ ಗಡ್ಡೆಯಾಗಿ ಒಡೆಯುತ್ತದೆ, ಅರಗುವುದಿಲ್ಲ. ಇಲ್ಲಿನ ವಿಜ್ಞಾನಿಗಳು ಜಿಡ್ಡನ್ನು ಇಳಿಸಿ, ಸಕ್ಕರೆ, ಜೀವಸತ್ವಗಳನ್ನು ಸೇರಿಸಿ, ಮೃದುವಾಗಿ ಒಡೆಯುವಂತೆ ಹದಗೊಳಿಸಿ ಎಮ್ಮೆ ಹಾಲಿನಿಂದಲೇ ಶಿಶು ಆಹಾರ ತಯಾರಿಸುವ ವಿಧಾನವನ್ನು ರೂಪಿಸಿದರು. ಗುಜರಾತಿನ ಆಣಂದದ ರೈತರ ಸಹಕಾರ ಸಂಘ 1960ರ ಸುಮಾರಿಗೆ ಅದನ್ನು ಅಮೂಲ್ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಪರದೇಶದ ಹಂಗು ತಪ್ಪಿತು. ಇದು ಹೆಮ್ಮೆಪಡಬೇಕಾದ ಸಂಗತಿಯೇ.

ಇತ್ತ ಕೆ.ಆರ್. ಆಸ್ಪತ್ರೆಗೆ ಸೇರಿದಂತೆ ಚೆಲುವಾಂಬ ಆಸ್ಪತ್ರೆ ಇದೆ. ಮೈಸೂರು ಮತ್ತು ಸುತ್ತಲಿನ ಊರುಗಳ ಎಷ್ಟೋ ತಾಯಂದಿರು ಹೆರಿಗೆಗೆ ಬರುವುದು ಅಲ್ಲಿಗೆ. ಒಂದೇ ಹೆಸರಿನ ಎರಡು ಕಟ್ಟಡಗಳು; ಒಂದರಲ್ಲಿ ಡಬ್ಬಿಯ ಹಾಲಿನ ವಿದ್ಯೆ ಬೆಳೆಯಿತು, ಇನ್ನೊಂದರಲ್ಲಿ ದಿನವೂ ತಾಯಂದಿರ ಎದೆಯಲ್ಲಿ ಹಾಲು ಇಳಿಯುತ್ತದೆ. ಇವೆರಡರಲ್ಲಿ ಯಾವುದು ಯಾರಿಗೆ ಎಂಬ ವಿವೇಚನೆಯೇ ನಮ್ಮ ಕಾಲದ ಪ್ರಶ್ನೆಯಾಯಿತು.

ನನ್ನ ಬಾಲ್ಯದಲ್ಲಿ, ಅಂದರೆ 1970ರ ದಶಕದಲ್ಲಿ, ಡಬ್ಬಿ ಹಾಲು ಅನುಕೂಲಸ್ಥರ ಗುರುತಾಗಿತ್ತು. ಖಾಲಿ ಡಬ್ಬಿಗಳು ಅಡುಗೆಮನೆಯ ಶೆಲ್ಫಿನಲ್ಲಿ ಮೆಂತ್ಯ, ಸಾಸಿವೆ ತುಂಬಿಕೊಂಡು ಸಾಲಾಗಿ ನಿಂತಿರುತ್ತಿದ್ದವು. ನಮ್ಮಮ್ಮ ನನ್ನ ತಮ್ಮನಿಗೆ ಒಂದು ಡಬ್ಬಿಯನ್ನು ತಿಂಗಳೆಲ್ಲ ಬರಲೆಂದು ಸೂಚನೆಗಿಂತ ಕಡಿಮೆ ಪುಡಿ ಹಾಕಿ ಕಲಸುತ್ತಿದ್ದಳು. ಅಪ್ಪನ ಸಂಬಳಕ್ಕೆ ಅಷ್ಟೇ ಎಟುಕುತ್ತಿತ್ತು. ಅವಳೊಬ್ಬಳೇ ಅಲ್ಲ, ಪ್ರಪಂಚದ ಬಡ ದೇಶಗಳಲ್ಲೆಲ್ಲ ತಾಯಂದಿರು ಹೀಗೇ ಮಾಡುತ್ತಿದ್ದರು. ತೆಳುವಾದ ಪುಡಿಹಾಲು, ಕುದಿಸದ ನೀರು, ಸರಿಯಾಗಿ ತೊಳೆಯಲಾಗದ ಬಾಟಲಿ, ಇವು ಮೂರೂ ಸೇರಿದರೆ ಮಗುವಿಗೆ ಭೇದಿ. ಭೇದಿಯ ಹಿಂದೆಯೇ ಸೊರಗು. ಡಾಕ್ಟರ್ ಸಿಸಿಲಿ ವಿಲಿಯಮ್ಸ್ ಎಂಬ ಮಹಿಳೆ 1939ರಲ್ಲಿಯೇ ಸಿಂಗಪುರದಲ್ಲಿ ಭಾಷಣ ಮಾಡಿ, ತಾಯಿಹಾಲು ಬಿಡಿಸಿ ಡಬ್ಬಿ ಹಾಲು ಹಚ್ಚುವ ಪ್ರಚಾರವನ್ನು ಕೊಲೆಗೆ ಹೋಲಿಸಿದ್ದರು. ಆಗ ಯಾರೂ ಕಿವಿಗೊಡಲಿಲ್ಲ. 1977ರಲ್ಲಿ ಅಮೆರಿಕದಲ್ಲಿ ನೆಸ್ಲೆ ಕಂಪನಿಯ ವಿರುದ್ಧ ಬಹಿಷ್ಕಾರ ಆರಂಭವಾಯಿತು. 1981ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆ ಶಿಶು ಆಹಾರದ ಮಾರಾಟಕ್ಕೆ ಒಂದು ಸಂಹಿತೆಯನ್ನು ಅಂಗೀಕರಿಸಿತು. ಪರವಾಗಿ 118 ಮತ, ವಿರೋಧವಾಗಿ ಒಂದೇ ಒಂದು, ಅದು ಅಮೆರಿಕದ್ದು.

ನಮ್ಮ ದೇಶ ಇನ್ನೂ ಮುಂದೆ ಹೋಗಿ 1992ರಲ್ಲಿ ಕಾನೂನನ್ನೇ ಮಾಡಿತು. 1993ರ ಆಗಸ್ಟ್ 1ರಿಂದ ಅದು ಜಾರಿಗೆ ಬಂತು, 2003ರಲ್ಲಿ ಇನ್ನಷ್ಟು ಬಿಗಿಯಾಯಿತು. ಶಿಶು ಹಾಲಿನ ಪುಡಿ, ಬಾಟಲಿಗಳ ಜಾಹೀರಾತು ಕೂಡದು. ತಾಯಂದಿರಿಗೆ ಪುಕ್ಕಟೆ ಡಬ್ಬಿ ಹಂಚಕೂಡದು. ವೈದ್ಯರಿಗೆ, ದಾದಿಯರಿಗೆ ಉಡುಗೊರೆ ಕೊಡಕೂಡದು. ಡಬ್ಬಿಯ ಮೇಲೆ ಮಗುವಿನ ಚಿತ್ರ ಹಾಕಕೂಡದು. ಇಂದು ಅಂಗಡಿಯಲ್ಲಿ ಡಬ್ಬಿ ಎತ್ತಿ ನೋಡಿ, ತಾಯಿಹಾಲೇ ಶ್ರೇಷ್ಠವೆಂದು ಮಾರುವವರೇ ಅಚ್ಚು ಹಾಕಿರುತ್ತಾರೆ. ಅದು ಅವರ ಔದಾರ್ಯವಲ್ಲ, ಕಾನೂನಿನ ಕಟ್ಟಳೆ.

ಮೂರನೆಯದಾಗಿ ‘ಸಾಲದು’ ಎಂದದ್ದು ಗಡಿಯಾರ. ಅದು ನನ್ನ ಅನುಭವಕ್ಕೆ ಬಂದದ್ದು 1997ರಲ್ಲಿ, ಮೊದಲ ಮಗಳು ಹುಟ್ಟಿದಾಗ. ನನಗೆ ಸಿಕ್ಕಿದ್ದು ಮೂರು ತಿಂಗಳ ರಜೆ. ಆಗ ನಾನಿದ್ದ ಶಾಲೆಯಲ್ಲಿ ಹಾಲು ಹಿಂಡಿಕೊಳ್ಳಲು ಬಾಗಿಲು ಮುಚ್ಚುವ ಒಂದು ಜಾಗವಿರಲಿಲ್ಲ. ಮೂರನೆಯ ಪೀರಿಯಡ್ಡಿಗೆ ಎದೆ ಬಿಗಿದು ನೋಯುತ್ತಿತ್ತು. ಸೆರಗು ಹೊದ್ದು ಬೋರ್ಡಿನ ಕಡೆ ತಿರುಗಿ ಪಾಠ ಮಾಡುತ್ತಿದ್ದೆ. ಹತ್ತು ನಿಮಿಷ ಬಿಡುವು ಕೇಳಿದ್ದಕ್ಕೆ ‘ಇನ್ನೂ ಕುಡಿಸ್ತಿದ್ದೀರಾ? ಬಾಟಲಿ ಅಭ್ಯಾಸ ಮಾಡಿಸಿ ಮೇಡಂ’ ಎಂದರು. ಕೊನೆಗೆ ಪ್ರಯೋಗಾಲಯದ ಆಯಾ ತನ್ನ ಸಾಮಾನಿನ ಕೋಣೆಯ ಬೀಗದ ಕೈಯನ್ನು ನನ್ನ ಕೈಗಿಟ್ಟು ‘ಹೋಗವ್ವ, ನಾನು ಬಾಗಿಲಲ್ಲಿ ನಿಂತಿರ್ತೀನಿ’ ಎಂದಳು. ಆ ಕೋಣೆಯಲ್ಲಿ ಹಿಂಡಿದ ಹಾಲನ್ನು ಮಧ್ಯಾಹ್ನದ ಬಿಡುವಿನಲ್ಲಿ ನಮ್ಮ ಯಜಮಾನರು ಮನೆಗೆ ಒಯ್ಯುತ್ತಿದ್ದರು. ಅತ್ತೆ ಅದನ್ನು ಒಳಲೆಯಲ್ಲಿ ಕುಡಿಸುತ್ತಿದ್ದರು. ಮಗಳು ಒಂದೂವರೆ ವರ್ಷ ಎದೆಹಾಲು ಕುಡಿದಳು. ಅದರ ಅರ್ಧ ಶ್ರೇಯಸ್ಸು ಆ ಬೀಗದ ಕೈಗೆ ಸಲ್ಲಬೇಕು.

ಲೆಕ್ಕ ಹಾಕಿ ನೋಡಿ. 1961ರ ಹೆರಿಗೆ ಸೌಲಭ್ಯ ಕಾಯಿದೆ ಕೊಟ್ಟದ್ದು 12 ವಾರ. ಹೆರಿಗೆಗೆ ಮುಂಚೆಯೇ 6 ವಾರ ತೆಗೆದುಕೊಂಡವಳಿಗೆ ಉಳಿಯುತ್ತಿದ್ದುದು 6 ವಾರ. ಆರು ತಿಂಗಳು ತಾಯಿಹಾಲಲ್ಲದೆ ಬೇರೇನೂ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಹೇಳಿತು. ಆ ಕಾಯಿದೆ 26 ವಾರಕ್ಕೆ ಬಂದು ಮುಟ್ಟಿದ್ದು 2017ರಲ್ಲಿ. ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಬಾರಿ ಹಾಲೂಡಲು ಬಿಡುವು ಕೊಡಬೇಕೆಂದು 1961ರ ಕಾಯಿದೆಯಲ್ಲೇ ಇತ್ತು. 50 ಅಥವಾ ಹೆಚ್ಚು ಮಂದಿ ದುಡಿಯುವಲ್ಲಿ ಶಿಶುಪಾಲನಾ ಕೇಂದ್ರವಿರಬೇಕೆಂದು 2017ರಲ್ಲಿ ಸೇರಿಸಿದರು. ಆದರೆ ಮನೆಗೆಲಸಕ್ಕೆ ಹೋಗುವವಳಿಗೆ, ಊದುಬತ್ತಿ ಹೊಸೆಯುವವಳಿಗೆ ಈ 26 ವಾರ ಎಲ್ಲಿಂದ ಬರಬೇಕು? ಎದೆಹಾಲಿಗೆ ಖರ್ಚಿಲ್ಲ ಎನ್ನುತ್ತಾರೆ. ತಾಯಿಯ ಹೊತ್ತಿಗೆ ಬೆಲೆ ಕಟ್ಟದವರು ಮಾತ್ರ ಹಾಗೆನ್ನಬಲ್ಲರು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ನೂರಕ್ಕೆ ಸುಮಾರು 89 ಹೆರಿಗೆಗಳು ಆಸ್ಪತ್ರೆಗಳಲ್ಲೇ ಆಗುತ್ತವೆ. ಆದರೆ ಹುಟ್ಟಿದ ಒಂದು ಗಂಟೆಯೊಳಗೆ ತಾಯಿಯ ಎದೆ ಸೇರುವ ಮಕ್ಕಳು ನೂರಕ್ಕೆ 42 ಮಾತ್ರ. ಅಂದರೆ ಡಾಕ್ಟರು, ದಾದಿಯರು ಇರುವಲ್ಲಿಯೇ ಆ ಮೊದಲ ಗಂಟೆ ಕಳೆದುಹೋಗುತ್ತಿದೆ. ಸಿಸೇರಿಯನ್ ಆದವಳಿಗೂ ಮಲಗಿದಂತೆಯೇ ಹಾಲೂಡಲು ಸಾಧ್ಯ. ಕೂಸನ್ನು ಹಿಡಿದುಕೊಳ್ಳುವವರೊಬ್ಬರು ಬೇಕು, ಅಷ್ಟೆ.

‘ಹಾಲು ಸಾಲದು’ ಎಂಬ ಮಾತು ಬಹುತೇಕ ಸುಳ್ಳೆಂದು ಹೇಳಲು ಕಾರಣವಿದೆ. ಎದೆಯೆಂಬುದು ತುಂಬಿಟ್ಟ ಬಿಂದಿಗೆಯಲ್ಲ, ಸೇದಿದಷ್ಟೂ ಒಸರುವ ಬಾವಿ. ಮಗು ಎಷ್ಟು ಬಾರಿ ಚೀಪುತ್ತದೋ ಅಷ್ಟು ಹಾಲು. ಬಾಟಲಿಯಿಂದ ಹೊಟ್ಟೆ ತುಂಬಿಸಿದರೆ ಮಗು ಚೀಪುವುದು ಕಡಿಮೆ, ಹಾಲೂ ಕಡಿಮೆ. ಸುಳ್ಳಾಗಿದ್ದ ಮಾತು ಆಗ ನಿಜವಾಗುತ್ತದೆ. ಮೊದಲ ದಿನಗಳಲ್ಲಿ ಕೂಸಿನ ಹೊಟ್ಟೆಗೆ ಹಿಡಿಸುವುದೇ ಕೆಲವು ಚಮಚ, ಆ ಹಳದಿ ಹಾಲು ಅದಕ್ಕೆ ಧಾರಾಳ. ಹಗಲು ರಾತ್ರಿ ಸೇರಿ ಎಂಟರಿಂದ ಹನ್ನೆರಡು ಬಾರಿ ಕುಡಿಸಬೇಕು. ಮಗುವಿನ ತಲೆ, ಬೆನ್ನು ಒಂದೇ ನೇರದಲ್ಲಿದ್ದು ಹೊಟ್ಟೆಗೆ ಹೊಟ್ಟೆ ತಾಗಿರಲಿ. ಬಾಯಿ ಅಗಲವಾಗಿ ತೆರೆದಾಗ ತೊಟ್ಟಷ್ಟೇ ಅಲ್ಲ, ಸುತ್ತಲಿನ ಕಪ್ಪು ಭಾಗವೂ ಬಹುಪಾಲು ಒಳಗೆ ಹೋಗಲಿ, ಗದ್ದ ಎದೆಗೆ ಒತ್ತಿರಲಿ. ತೊಟ್ಟು ಒಡೆದು ನೋಯುವುದು ಬಹುಮಟ್ಟಿಗೆ ಇದು ತಪ್ಪಿದಾಗಲೇ. ಒಂದು ಕಡೆ ಪೂರ್ತಿ ಕುಡಿದ ಮೇಲೆ ಇನ್ನೊಂದು ಕಡೆ ಕೊಡಿ. ಕೊನೆಯಲ್ಲಿ ಬರುವ ಹಾಲಿನಲ್ಲಿ ಜಿಡ್ಡು ಹೆಚ್ಚು. ಮಗು ದಿನಕ್ಕೆ ಆರು ಬಾರಿಯಾದರೂ ಉಚ್ಚೆ ಹೊಯ್ದು, ತೂಕ ಏರುತ್ತಿದ್ದರೆ ಹಾಲು ಸಾಲುತ್ತಿದೆ ಎಂದೇ ಅರ್ಥ. ನೀರು, ಜೇನು ಯಾವುದೂ ಬೇಡ. ಆರು ತಿಂಗಳು ತುಂಬಿದ ಮೇಲೆ ನಮ್ಮ ರಾಗಿ ಸರಿ ಇದ್ದೇ ಇದೆ. ಮೊಳಕೆ ಬರಿಸಿದ ರಾಗಿ, ಹೆಸರುಕಾಳಿನ ಶಿಶು ಆಹಾರದ ಬಗ್ಗೆ ಸಿ.ಎಫ್.ಟಿ.ಆರ್.ಐ.ಯಲ್ಲಿಯೂ ಸಂಶೋಧನೆ ನಡೆದಿದೆ.

ಇಷ್ಟಾಗಿಯೂ ಕೆಲವರಿಗೆ ನಿಜವಾಗಿ ಹಾಲು ಇಳಿಯುವುದಿಲ್ಲ. ಕೆಲವರಿಗೆ ಕಾಯಿಲೆ, ಔಷಧಿಯ ಅಡ್ಡಿ ಇರುತ್ತದೆ. ಅವರನ್ನು ಹಾಲಿಲ್ಲದವಳೆಂದು ಚುಚ್ಚುವ ಹಳೆಯ ಚಾಳಿಯನ್ನು ಬಿಡಬೇಕು. ಅವರಿಗಾಗಿಯೇ ಆ ಡಬ್ಬಿ ಇದೆ. ತಿಂಗಳು ತುಂಬದೆ ಹುಟ್ಟಿದ ಕೂಸುಗಳಿಗೆ ಬೇರೆ ತಾಯಂದಿರು ಕೊಟ್ಟ ಹಾಲನ್ನು ಶುದ್ಧಗೊಳಿಸಿ ಕುಡಿಸುವ ಹಾಲಿನ ಬ್ಯಾಂಕು 1989ರಲ್ಲಿ ಮುಂಬಯಿಯ ಸಯಾನ್ ಆಸ್ಪತ್ರೆಯಲ್ಲಿ ಡಾಕ್ಟರ್ ಆರ್ಮಿಡಾ ಫರ್ನಾಂಡಿಸ್ ಅವರಿಂದ ಆರಂಭವಾಯಿತು. ಏಷ್ಯಾದಲ್ಲೇ ಅದು ಮೊದಲನೆಯದು. 2022ರಲ್ಲಿ ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲೂ ‘ಅಮೃತಧಾರೆ’ ಎಂಬ ಹೆಸರಿನಲ್ಲಿ ಅಂಥದ್ದು ಬಂದಿದೆ. ಸಾಕುತಾಯಿಯ ಹಳೆಯ ಪದ್ಧತಿಯೇ ಹೊಸ ವೇಷದಲ್ಲಿ ಮರಳಿದೆ.

ಬಾಣಂತಿಯನ್ನು ನೋಡಲು ಹೋಗುವಾಗ ನಾವು ಫ್ರಾಕು, ಬೆಳ್ಳಿ ಬಟ್ಟಲು ಒಯ್ಯುತ್ತೇವೆ. ಹೋದವರು ಮೊದಲು ಕೇಳುವ ಪ್ರಶ್ನೆ ಮಾತ್ರ ‘ಹಾಲು ಸಾಲುತ್ತೇನಮ್ಮ?’ ಎಂದು. ಆ ಪ್ರಶ್ನೆಯನ್ನು ಇನ್ನು ಮನೆಯಲ್ಲೇ ಬಿಟ್ಟು ಹೋಗೋಣ. ಬದಲಿಗೆ, ‘ನಿನ್ನ ಊಟವಾಯಿತೇ? ನಾನು ಬಟ್ಟೆ ಒಗೆದು ಹಾಕುತ್ತೇನೆ, ನೀನು ನಿಧಾನವಾಗಿ ಕುಡಿಸು’ ಎನ್ನೋಣ.