ಪ್ರಮಾಣಿಸಿ ನೋಡುವ ಕೆಲಸ

ವೈಟ್‌ಫೀಲ್ಡ್ ಕಡೆಯಿಂದ ಬೆಂಗಳೂರು ನಗರಕ್ಕೆ ಬರುವ ಮೆಟ್ರೋ ಮಾರ್ಗದಲ್ಲಿ ಎರಡು ನಿಲ್ದಾಣಗಳು ಒಂದರ ಮಗ್ಗುಲಲ್ಲಿ ಒಂದಿವೆ. ಮೊದಲನೆಯದು ಪಟ್ಟಂದೂರು ಅಗ್ರಹಾರ, ಅದರ ನಂತರದ್ದು ಶ್ರೀ ಸತ್ಯಸಾಯಿ ಆಸ್ಪತ್ರೆ. ಪಟ್ಟಂದೂರು ಹಳೆಯ ಊರು. ರಾಜೇಂದ್ರ ಚೋಳನ ಕಾಲದ, 1043ರ ತಮಿಳು ಶಾಸನವೊಂದು ಇಲ್ಲಿನ ಕೆರೆಯ ನಿರ್ಮಾಣವನ್ನು ದಾಖಲಿಸಿದೆ. ಅಗ್ರಹಾರವೆಂದರೆ ವಿದ್ಯಾವಂತರಿಗೆ ದತ್ತಿಯಾಗಿ ಕೊಟ್ಟ ಊರು. ವಿದ್ಯೆಯನ್ನು ಪರೀಕ್ಷಿಸಿ ಮನ್ನಣೆ ನೀಡುವ ಭಾವ ಆ ಹೆಸರಿನಲ್ಲೇ ಇದೆ. 1994ರಲ್ಲಿ ಕರ್ನಾಟಕ ಸರ್ಕಾರ, ಟಾಟಾ ಸಂಸ್ಥೆ ಮತ್ತು ಸಿಂಗಪುರದ ಕಂಪನಿಗಳು ಕೂಡಿ ಇಲ್ಲಿಯೇ ಐಟಿಪಿಎಲ್ ಕಟ್ಟಲು ಕೈಹಾಕಿದವು. ಅಂದಿನಿಂದ ಈ ಊರಿನ ರಾತ್ರಿಗಳಿಗೆ ನಿದ್ದೆಯಿಲ್ಲ.

ನಮ್ಮ ಧರ್ಮಕೇಂದ್ರಗಳ ಎಷ್ಟೋ ಮನೆಗಳಲ್ಲಿ ಮಗನೋ ಮಗಳೋ ಸಂಜೆ ಹೊರಟು ಬೆಳಗಿನ ಜಾವ ಮನೆ ಸೇರುತ್ತಾರೆ. ಏನು ಕೆಲಸವೆಂದು ಕೇಳಿದರೆ ‘ಹೆಲ್ತ್‌ಕೇರ್ ಪ್ರೋಸೆಸ್’ ಎಂಬ ಚುಟುಕು ಉತ್ತರ ಬರುತ್ತದೆ. ಆ ಎರಡು ಪದಗಳ ಒಳಗೆ ಅಡಗಿರುವ ಕೆಲಸಗಳಲ್ಲಿ ಒಂದು ‘ಕ್ರೆಡೆನ್ಷಿಯಲಿಂಗ್’. ಅಮೆರಿಕದ ವೈದ್ಯರೊಬ್ಬರು ಆಸ್ಪತ್ರೆಗೆ ಅಥವಾ ವಿಮಾ ಸಂಸ್ಥೆಯ ಪಟ್ಟಿಗೆ ಸೇರುವ ಮುನ್ನ ಅವರ ಪದವಿ, ತರಬೇತಿ, ಪರವಾನಗಿ, ಹಿಂದೆ ದುಡಿದ ಸ್ಥಳ, ಅವರ ಮೇಲೆ ನಡೆದ ಮೊಕದ್ದಮೆ ಇವೆಲ್ಲವನ್ನೂ ಮೂಲದಲ್ಲಿಯೇ ವಿಚಾರಿಸಿ ಖಚಿತಪಡಿಸಿಕೊಳ್ಳುವುದೇ ಈ ಕೆಲಸ. ಲ್ಯಾಟಿನ್ ಭಾಷೆಯಲ್ಲಿ ‘ಕ್ರೆಡೊ’ ಎಂದರೆ ‘ನಾನು ವಿಶ್ವಾಸಿಸುತ್ತೇನೆ’. ನಮ್ಮ ವಿಶ್ವಾಸ ಪ್ರಮಾಣಕ್ಕೆ ಹೆಸರು ಕೊಟ್ಟ ಆ ಮಾತಿನ ಮೂಲದಿಂದಲೇ ಈ ಪದವೂ ಬಂದಿದೆ. ರೋಗಿ ತನ್ನ ದೇಹವನ್ನು ಅಪರಿಚಿತನೊಬ್ಬನ ಕೈಗೆ ಒಪ್ಪಿಸುವುದಕ್ಕೆ ಬೇಕಾದ ನಂಬಿಕೆಯ ಆಧಾರವೇ ಕ್ರೆಡೆನ್ಷಿಯಲ್.

ಈ ಆಧಾರವನ್ನು ಯಾರು ಕೊಡಬೇಕು? ಪ್ರಶ್ನೆ ಬಹಳ ಹಳೆಯದು. ವೈದ್ಯನು ರಾಜನ ಅನುಮತಿ ಪಡೆದೇ ವೃತ್ತಿಗಿಳಿಯಬೇಕೆಂದು ನಮ್ಮ ಸುಶ್ರುತ ಸಂಹಿತೆ ವಿಧಿಸಿದೆ. 1231ರಲ್ಲಿ ಚಕ್ರವರ್ತಿ ಎರಡನೆಯ ಫ್ರೆಡರಿಕನು ತನ್ನ ಸಿಸಿಲಿ ರಾಜ್ಯದಲ್ಲಿ, ಸಲೆರ್ನೊ ನಗರದ ಆಚಾರ್ಯರಿಂದ ಪರೀಕ್ಷೆಗೊಳಗಾಗದವರು ಚಿಕಿತ್ಸೆ ಮಾಡಕೂಡದೆಂದು ಶಾಸನ ಮಾಡಿದನು. ನಮ್ಮ ಓದುಗರಿಗೆ ಅಚ್ಚರಿಯೆನಿಸುವ ಸಂಗತಿ ಇಂಗ್ಲೆಂಡಿನದು. ಅಲ್ಲಿ 1511ರ ಕಾಯಿದೆಯಂತೆ ವೈದ್ಯರಿಗೆ ಪರವಾನಗಿ ನೀಡುವ ಅಧಿಕಾರ ಧರ್ಮಾಧ್ಯಕ್ಷರದಾಗಿತ್ತು! ಲಂಡನ್ನಿನಲ್ಲಿ ಧರ್ಮಾಧ್ಯಕ್ಷರು ಇಲ್ಲವೇ ಸಂತ ಪೌಲರ ಪ್ರಧಾನಾಲಯದ ಡೀನ್, ನಾಲ್ವರು ತಜ್ಞರೊಡನೆ ಕುಳಿತು ಅಭ್ಯರ್ಥಿಯನ್ನು ಪರೀಕ್ಷಿಸಬೇಕಿತ್ತು. ಉಳಿದೆಡೆ ಆಯಾ ಧರ್ಮಪ್ರಾಂತ್ಯದ ಅಧ್ಯಕ್ಷರು. ಮುಂದೆ ಅಭ್ಯರ್ಥಿಗಳು ತಮ್ಮ ಊರಿನ ಗುರುಗಳಿಂದ, ನೆರೆಹೊರೆಯವರಿಂದ, ಗುಣಹೊಂದಿದ ರೋಗಿಗಳಿಂದ ಸಾಕ್ಷ್ಯಪತ್ರಗಳನ್ನು ತರುತ್ತಿದ್ದರು. ಆಗ ಸಹಿ ಹಾಕಿದವರು ಆ ಮನುಷ್ಯನನ್ನು ಕಣ್ಣಾರೆ ಕಂಡವರಾಗಿದ್ದರು.

ನಮ್ಮ ನಾಡಿಗೆ ಆಧುನಿಕ ನೋಂದಣಿ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. ಉತ್ತರ ಕರ್ನಾಟಕದ ಹಲವು ಜಿಲ್ಲೆಗಳಿಗೆ 1912ರ ಮುಂಬಯಿ ಕಾಯಿದೆ, ದಕ್ಷಿಣ ಕನ್ನಡಕ್ಕೆ 1914ರ ಮದ್ರಾಸ್ ಕಾಯಿದೆ. ಏಕೀಕರಣದ ಬಳಿಕ 1961ರಲ್ಲಿ ಇಡೀ ರಾಜ್ಯಕ್ಕೆ ಒಂದೇ ವೈದ್ಯಕೀಯ ನೋಂದಣಿ ಕಾಯಿದೆಯಾಯಿತು.

ಅಮೆರಿಕದ ದಾರಿ ಇನ್ನೂ ಕಠಿಣವಾದುದು. ಅಲ್ಲಿನ ಶಸ್ತ್ರಚಿಕಿತ್ಸಕರ ಸಂಘವು ನೂರಕ್ಕಿಂತ ಹೆಚ್ಚು ಹಾಸಿಗೆಗಳಿರುವ 692 ಆಸ್ಪತ್ರೆಗಳನ್ನು ಪರಿಶೀಲಿಸಿದಾಗ ಕನಿಷ್ಠ ಮಟ್ಟ ಮುಟ್ಟಿದವು 89 ಮಾತ್ರ. ಹೆಸರಾಂತ ಆಸ್ಪತ್ರೆಗಳೂ ಸೋತಿದ್ದವು. ಪಟ್ಟಿ ಹೊರಬೀಳಬಾರದೆಂದು 1919ರಲ್ಲಿ ನ್ಯೂಯಾರ್ಕಿನ ಹೋಟೆಲೊಂದರ ಕುಲುಮೆಯಲ್ಲಿ ಅದನ್ನು ಸುಟ್ಟುಹಾಕಿದರು. ಮುಂದೆ 1960ರಲ್ಲಿ ಇಲಿನಾಯ್ ರಾಜ್ಯದಲ್ಲಿ ಕಾಲು ಮುರಿದುಕೊಂಡ ಹದಿನೆಂಟರ ಆಟಗಾರನಿಗೆ ಬಿಗಿಯಾಗಿ ಪಟ್ಟು ಹಾಕಿದ್ದರಿಂದ ಕಾಲನ್ನೇ ಕತ್ತರಿಸಬೇಕಾಯಿತು. ‘ತಪ್ಪು ವೈದ್ಯರದು, ನಮ್ಮದಲ್ಲ’ ಎಂಬ ಆಸ್ಪತ್ರೆಯ ವಾದವನ್ನು 1965ರಲ್ಲಿ ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯ ತಳ್ಳಿಹಾಕಿತು. ತನ್ನ ಛಾವಣಿಯಡಿ ನಡೆಯುವ ಚಿಕಿತ್ಸೆಗೆ ಆಸ್ಪತ್ರೆಯೂ ಹೊಣೆಯೆಂದು ತೀರ್ಪಾದ ಮೇಲೆ ಪ್ರತಿ ವೈದ್ಯರ ಕಡತವೂ ದಪ್ಪವಾಗತೊಡಗಿತು. 1990ರಲ್ಲಿ ವೈದ್ಯರ ಮೇಲಿನ ಶಿಸ್ತುಕ್ರಮಗಳ ರಾಷ್ಟ್ರೀಯ ಮಾಹಿತಿಕೋಶ ಆರಂಭವಾಯಿತು.

ಒಬ್ಬ ವೈದ್ಯರು ಹತ್ತು ವಿಮಾ ಸಂಸ್ಥೆಗಳ ಪಟ್ಟಿಯಲ್ಲಿದ್ದರೆ ಹತ್ತು ಕಡೆ ಪರಿಶೀಲನೆ. ಮೂರು ವರ್ಷಕ್ಕೊಮ್ಮೆ ಮತ್ತೆ ಪರಿಶೀಲನೆ. ಅದು ಮುಗಿಯಲು ಮೂರು ನಾಲ್ಕು ತಿಂಗಳು ಹಿಡಿಯುವುದೂ ಉಂಟು. ಅಮೆರಿಕದ ಆಸ್ಪತ್ರೆಗಳ ವೆಚ್ಚದಲ್ಲಿ ಸುಮಾರು ಕಾಲುಭಾಗ ಆಡಳಿತಕ್ಕೇ ಸಲ್ಲುತ್ತದೆಂದು 2014ರ ಅಧ್ಯಯನವೊಂದು ತಿಳಿಸಿತ್ತು. ಈ ಹೊರೆಯನ್ನು ಇಳಿಸಲು ಕಾಗದದ ಕೆಲಸವನ್ನು ಹೊರಗುತ್ತಿಗೆಗೆ ಕೊಡುವ ಪದ್ಧತಿ ಬೆಳೆಯಿತು. ವೈದ್ಯರು ಧ್ವನಿಮುದ್ರಿಸಿದ ಟಿಪ್ಪಣಿಗಳನ್ನು ಬರಹಕ್ಕಿಳಿಸುವ ಕೆಲಸ 1990ರ ದಶಕದಲ್ಲೇ ಬೆಂಗಳೂರಿಗೆ ಬಂದಿತ್ತು. ಅದರ ಹಿಂದೆ ಬಿಲ್ಲುಗಳು, ವಿಮೆಯ ಅರ್ಜಿಗಳು, ಕೊನೆಗೆ ವೈದ್ಯರ ಕಡತಗಳು ಬಂದವು.

ಇದರಲ್ಲಿ ತಪ್ಪೇನು? ಕೆಲಸ ಪ್ರಾಮಾಣಿಕವಾದುದು, ಅನೇಕ ಮನೆಗಳ ಒಲೆ ಉರಿಸಿದೆ. ಆದರೆ ಕಡತವೊಂದರ ಬೆಲೆ ಎಷ್ಟೆಂಬುದನ್ನು ಒಂದು ಕಥೆಯಿಂದ ಅರಿಯಬಹುದು.

ಮೈಕೆಲ್ ಸ್ವಾಂಗೊ ಎಂಬ ಅಮೆರಿಕದ ವೈದ್ಯ ಸಹೋದ್ಯೋಗಿಗಳಿಗೆ ವಿಷವಿಕ್ಕಿದ್ದಕ್ಕಾಗಿ 1985ರಲ್ಲಿ ಜೈಲು ಸೇರಿದ. ಬಿಡುಗಡೆಯಾದ ಮೇಲೆ, ತಾನು ಬರಿಯ ಹೊಡೆದಾಟಕ್ಕಾಗಿ ಶಿಕ್ಷೆ ಅನುಭವಿಸಿದವನೆಂದು ತೋರಿಸುವ ಖೋಟಾ ಪತ್ರಗಳನ್ನು ಸೃಷ್ಟಿಸಿ 1992ರಲ್ಲಿ ದಕ್ಷಿಣ ಡಕೋಟದಲ್ಲಿ ವೈದ್ಯನಾಗಿ ಸೇರಿಕೊಂಡ. ಅವನು ಕೊಟ್ಟ ಕಾಗದವನ್ನು ನಂಬಿದರೇ ಹೊರತು ಅದು ಹೊರಟ ಕಚೇರಿಯನ್ನು ಯಾರೂ ಕೇಳಲಿಲ್ಲ. ಅವನ ನಿಜಬಣ್ಣ ಬಯಲಾದದ್ದು ವೈದ್ಯರ ಸಂಘವೊಂದರ ಸದಸ್ಯತ್ವಕ್ಕೆ ಅರ್ಜಿ ಹಾಕಿದಾಗ; ಸಂಘದವರು ಮೂಲದಲ್ಲಿ ವಿಚಾರಿಸಿದ್ದರು. ಆದರೂ ಮರುವರ್ಷ ನ್ಯೂಯಾರ್ಕಿನಲ್ಲಿ ಇನ್ನೊಂದು ಹುದ್ದೆ ಸಿಕ್ಕಿತು. ಅಲ್ಲಿಂದಲೂ ಹೊರಬಿದ್ದವನು 1994ರಲ್ಲಿ ಜಿಂಬಾಬ್ವೆಯ ಮ್ನೆನೆ ಎಂಬ ಹಳ್ಳಿಯ ಲುಥೆರನ್ ಮಿಷನ್ ಆಸ್ಪತ್ರೆಗೆ ಹೋದ. ವೈದ್ಯರಿಲ್ಲದ ಊರಿಗೆ ಅಮೆರಿಕದ ವೈದ್ಯನೊಬ್ಬ ಬಂದನಲ್ಲ ಎಂಬ ಸಂತೋಷದಲ್ಲಿ ಬರಮಾಡಿಕೊಂಡರು. ಅಲ್ಲಿಯೂ ರೋಗಿಗಳು ಅನುಮಾನಾಸ್ಪದವಾಗಿ ಸತ್ತರು. 2000ದಲ್ಲಿ ಅವನು ಅಮೆರಿಕದಲ್ಲಿ ಕೊಲೆಗಳನ್ನು ಒಪ್ಪಿಕೊಂಡು ಜೀವಾವಧಿ ಶಿಕ್ಷೆಗೆ ಗುರಿಯಾದ. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂದರು ನಮ್ಮ ಹಿರಿಯರು. ಪ್ರಮಾಣಿಸಿ ನೋಡದ ಕಡತವೊಂದು ಎಷ್ಟು ಜೀವಗಳನ್ನು ತೆಗೆಯಬಲ್ಲದು!

ಇನ್ನೊಂದು ಘಟನೆ 2003ರದು. ಸ್ಯಾನ್ ಫ್ರಾನ್ಸಿಸ್ಕೊದ ವಿಶ್ವವಿದ್ಯಾಲಯ ಆಸ್ಪತ್ರೆ ತನ್ನ ಟಿಪ್ಪಣಿಗಳನ್ನು ಬರಹಕ್ಕಿಳಿಸಲು ಹತ್ತಿರದ ಸಂಸ್ಥೆಯೊಂದಕ್ಕೆ ಕೊಟ್ಟಿತ್ತು. ಅದು ಫ್ಲಾರಿಡಾದವರಿಗೆ, ಅವರು ಟೆಕ್ಸಾಸಿನವರಿಗೆ, ಅವರು ಕರಾಚಿಯ ಮಹಿಳೆಯೊಬ್ಬರಿಗೆ ದಾಟಿಸಿದರು. ಆಕೆಗೆ ಕೂಲಿ ತಲುಪಲಿಲ್ಲ. ರೋಗಿಗಳ ವಿವರಗಳನ್ನು ಬಹಿರಂಗಗೊಳಿಸುವೆನೆಂದು ಆಕೆ ಬೆದರಿಸಿದಾಗಲೇ ತಮ್ಮ ರೋಗಿಗಳ ಗುಟ್ಟು ಎಲ್ಲಿದೆಯೆಂಬುದು ಆಸ್ಪತ್ರೆಗೆ ತಿಳಿದದ್ದು. ಆಕೆಯ ಬೆದರಿಕೆ ತಪ್ಪು. ಆದರೆ ದುಡಿಸಿಕೊಂಡು ಕೂಲಿ ಕೊಡದ ಸರಪಳಿಯ ತಪ್ಪು ಅದಕ್ಕಿಂತ ಚಿಕ್ಕದೇ?

ಈ ಎರಡು ಕಥೆಗಳು ಹೇಳುವುದು ಒಂದೇ ಮಾತನ್ನು. ಕೆಲಸವನ್ನು ಹಂಚಬಹುದು, ಹೊಣೆಯನ್ನು ಹಂಚಲಾಗದು. ಅಮೆರಿಕದ ನಿಯಮಗಳೂ ಇದನ್ನೇ ಹೇಳುತ್ತವೆ: ಪರಿಶೀಲನೆಯನ್ನು ಬೇರೆಯವರಿಗೆ ಒಪ್ಪಿಸಿದರೂ ಉತ್ತರದಾಯಿತ್ವ ಒಪ್ಪಿಸಿದವರದೇ. ಆದರೆ ಹೊಣೆ ಸಾವಿರಾರು ಮೈಲಿ ದೂರದಲ್ಲಿದೆಯೆಂದು ಪಟ್ಟಂದೂರಿನ ಮೇಜಿನಲ್ಲಿ ಕುಳಿತವರು ಹಗುರಾಗಲಾರರು. ಕಡತವೊಂದರಲ್ಲಿ ಎರಡು ವರ್ಷಗಳ ಲೆಕ್ಕ ಸಿಗದಿದ್ದಾಗ, ರಾತ್ರಿಯ ಗುರಿ ಮುಟ್ಟುವ ಅವಸರದಲ್ಲಿ ಗುರುತು ಹಾಕಿ ಮುಂದೆ ದಾಟಿಸುವುದೋ, ಇನ್ನೊಂದು ಕರೆ ಮಾಡುವುದೋ? ಆ ಕ್ಷಣದಲ್ಲಿ ಹಳೆಯ ಧರ್ಮಾಧ್ಯಕ್ಷರ ಕೆಲಸ ನಮ್ಮ ಮನೆಯ ಮಗಳ ಪಾಲಿಗೆ ಬಂದಿರುತ್ತದೆ. ಕಂಪನಿಗಳು ಎಣಿಸುವುದು ಮುಗಿದ ಕಡತಗಳನ್ನು. ಅನುಮಾನಿಸಿ ನಿಲ್ಲಿಸಿದ ಕಡತಕ್ಕೂ ಬೆಲೆಯಿದೆಯೆಂದು ಅವು ಅರಿಯಬೇಕು.

ವಿಚಿತ್ರವೆಂದರೆ, ಆ ಕಡತಗಳಲ್ಲಿ ಮೈಸೂರು, ಮಣಿಪಾಲ, ಬೆಂಗಳೂರಿನ ಕಾಲೇಜುಗಳಲ್ಲಿ ಓದಿ ಅಮೆರಿಕ ಸೇರಿದ ನಮ್ಮವರ ಹೆಸರುಗಳೂ ಬರಬಹುದು. ಹೊರನಾಡಿಗೆ ಇಷ್ಟು ಎಚ್ಚರದಿಂದ ವೈದ್ಯರನ್ನು ಪರಿಶೀಲಿಸಿಕೊಡುವ ನಾವು, ನಮ್ಮ ಬೀದಿಯ ಚಿಕಿತ್ಸಾಲಯದ ಫಲಕದ ಮೇಲಿನ ನೋಂದಣಿ ಸಂಖ್ಯೆಯನ್ನು ಎಂದಾದರೂ ಓದಿದ್ದೇವೆಯೇ? 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆ ಸಂಸ್ಥೆಗಳ ನೋಂದಣಿಯನ್ನು ಕಡ್ಡಾಯಗೊಳಿಸಿದೆ. 2024ರಲ್ಲಿ ರಾಷ್ಟ್ರೀಯ ವೈದ್ಯಕೀಯ ನೋಂದಣಿಯ ಜಾಲತಾಣವೂ ಆರಂಭವಾಗಿದೆ. ಕೇಳುವವರಿದ್ದರೆ ಮಾತ್ರ ಇವುಗಳಿಗೆ ಬೆಲೆ.

ಪಟ್ಟಂದೂರು ಅಗ್ರಹಾರದ ಮುಂದಿನ ನಿಲ್ದಾಣದಲ್ಲಿ, ರೋಗಿಗಳಿಂದ ಹಣ ಪಡೆಯದ ಆ ಆಸ್ಪತ್ರೆಗೆ ದೂರದ ಊರುಗಳಿಂದ ಬಂದವರು ಇಳಿಯುತ್ತಾರೆ. ಒಳಗೆ ತಮ್ಮನ್ನು ಮುಟ್ಟಲಿರುವ ಕೈ ಯಾರದೆಂದು ಅವರಿಗೆ ತಿಳಿಯದು. ಯಾರೋ ವಿಚಾರಿಸಿರುತ್ತಾರೆಂದು ನಂಬಿ ಒಳಗೆ ಹೋಗುತ್ತಾರೆ. ಅದೇ ಹೊತ್ತಿಗೆ ರಾತ್ರಿ ಪಾಳಿ ಮುಗಿಸಿದ ಹುಡುಗಿಯೊಬ್ಬಳು ಹಿಂದಿನ ನಿಲ್ದಾಣದಲ್ಲಿ ರೈಲು ಹತ್ತುತ್ತಾಳೆ. ಆ ‘ಯಾರೋ’ ಅವಳೇ ಎಂಬುದನ್ನು ಅವಳಿಗೆ ಹೇಳುವವರು ಬೇಕು.