ಕುಂಡದ ಗಿಡದ ರೋಗನಿದಾನ: ನೀರು ಮತ್ತು ಆಹಾರಗಳ ವಿವೇಚನೆಯ ಚರಿತ್ರೆ

ಕುಂಡದಲ್ಲಿ ಬೆಳೆಸಿದ ಗಿಡದ ಎಲೆ ಹಳದಿಗೆ ತಿರುಗಿದಾಗ, ಅದನ್ನು ಸಾಕಿದವರ ಮನಸ್ಸಿನಲ್ಲಿ ಸಾಮಾನ್ಯವಾಗಿ ಎರಡು ಸಂದೇಹಗಳು ಮೂಡುತ್ತವೆ. ನೀರು ಹೆಚ್ಚಾಯಿತೋ ಕಡಮೆಯಾಯಿತೋ ಎಂಬುದು ಒಂದು. ಗೊಬ್ಬರ ಸಾಲದಾಯಿತೋ ಮಿತಿಮೀರಿತೋ ಎಂಬುದು ಇನ್ನೊಂದು. ಈ ನಾಲ್ಕು ಕಾರಣಗಳಲ್ಲಿ ಯಾವುದರಿಂದಲಾದರೂ ಎಲೆ ಹಳದಿಯಾಗಬಹುದು. ಯಾವುದರಿಂದಲಾದರೂ ಗಿಡ ಸೊರಗಬಹುದು. ಆದುದರಿಂದ ಲಕ್ಷಣವೊಂದನ್ನೇ ನೋಡಿ ಕಾರಣವನ್ನು ಹೇಳಿಬಿಡುವುದು ಸಾಧ್ಯವಿಲ್ಲ. ಇದು ತೋಟಗಾರನ ದಿನನಿತ್ಯದ ತೊಡಕೆಂದು ತೋರಬಹುದಾದರೂ ಇದರ ಹಿಂದೆ ದೀರ್ಘವಾದ ಚರಿತ್ರೆಯೊಂದು ಇದೆ. ನೀರು ಬೇರೆ, ಆಹಾರ ಬೇರೆ ಎಂಬ ವಿವೇಕವೇ ಮನುಷ್ಯನಿಗೆ ಬಹುಕಾಲ ದೊರೆತಿರಲಿಲ್ಲ. ಅದು ದೊರೆತದ್ದು ಬಹುಮಟ್ಟಿಗೆ ಕುಂಡದಲ್ಲಿ ನೆಟ್ಟ ಗಿಡಗಳ ಮೂಲಕವೇ. ಈ ವಿವೇಕವು ಯಾವ ಕ್ರಮದಲ್ಲಿ ಬೆಳೆದುಬಂದಿತೆಂಬುದನ್ನು ಸಂಗ್ರಹವಾಗಿ ತಿಳಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಸಸ್ಯಗಳಿಗೂ ವ್ಯಾಧಿಗಳುಂಟು, ಅವಕ್ಕೆ ಲಕ್ಷಣಗಳುಂಟು, ಚಿಕಿತ್ಸೆಯೂ ಉಂಟು ಎಂಬ ಭಾವನೆ ನಮ್ಮ ದೇಶದಲ್ಲಿ ಪ್ರಾಚೀನವಾದುದು. ಆರನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯಲ್ಲಿ ವೃಕ್ಷಾಯುರ್ವೇದಕ್ಕೆಂದೇ ಒಂದು ಅಧ್ಯಾಯವನ್ನು ಮೀಸಲಾಗಿರಿಸಿದ್ದಾನೆ. ಎಲೆಗಳು ಬಿಳಿಚಿಕೊಳ್ಳುವುದು, ಚಿಗುರು ಬೆಳೆಯದಿರುವುದು, ಕೊಂಬೆ ಒಣಗುವುದು, ರಸ ಒಸರುವುದು ಇವುಗಳನ್ನು ಅವನು ರೋಗಲಕ್ಷಣಗಳೆಂದು ಎಣಿಸಿ, ಶೀತ, ಗಾಳಿ, ಬಿಸಿಲುಗಳನ್ನು ಕಾರಣಗಳೆಂದು ಹೇಳುತ್ತಾನೆ. ನೀರಿನ ವಿಚಾರದಲ್ಲಿ ಅವನು ಕೊಡುವ ವಿಧಿ ಗಮನಾರ್ಹವಾಗಿದೆ. ನೆಟ್ಟ ಗಿಡಗಳಿಗೆ ಬೇಸಗೆಯಲ್ಲಿ ಬೆಳಗ್ಗೆ ಸಂಜೆಗಳಲ್ಲಿಯೂ ಚಳಿಗಾಲದಲ್ಲಿ ದಿನ ಬಿಟ್ಟು ದಿನವೂ ನೀರೆರೆಯಬೇಕು. ಮಳೆಗಾಲದಲ್ಲಾದರೋ ನೆಲ ಒಣಗಿದಾಗ ಮಾತ್ರ ಎರೆಯಬೇಕು. ಮೊದಲಿನ ಎರಡು ಮಾತುಗಳು ಕಾಲವನ್ನು ನೋಡಿ ಮಾಡಿದ ವಿಧಿಗಳು. ಕೊನೆಯದು ಮಣ್ಣನ್ನು ನೋಡಿ ಮಾಡಿದ ವಿಧಿ. ಈ ವ್ಯತ್ಯಾಸವನ್ನು ನಾವು ಮುಂದೆ ಮತ್ತೆ ನೆನೆಯಬೇಕಾಗುತ್ತದೆ.

ಕನ್ನಡದಲ್ಲಿ ಹನ್ನೊಂದನೆಯ ಶತಮಾನದ ಚಾವುಂಡರಾಯನ ಲೋಕೋಪಕಾರವು ಇತರ ಲೌಕಿಕ ವಿದ್ಯೆಗಳ ಜೊತೆಗೆ ವೃಕ್ಷಾಯುರ್ವೇದವನ್ನೂ ನಿರೂಪಿಸುತ್ತದೆ. ಸುರಪಾಲನ ಸಂಸ್ಕೃತ ಗ್ರಂಥವು ಸಸ್ಯವ್ಯಾಧಿಗಳನ್ನು ಮನುಷ್ಯರ ವ್ಯಾಧಿಗಳಂತೆಯೇ ವಾತ, ಪಿತ್ತ, ಕಫಗಳಿಗೆ ಅನುಸಾರವಾಗಿ ವಿಂಗಡಿಸುವುದಲ್ಲದೆ, ಕುಣಪಜಲವೆಂಬ ಕೊಳೆಸಿದ ದ್ರವಗೊಬ್ಬರವನ್ನೂ ವಿಧಿಸುತ್ತದೆ. ಈ ಗ್ರಂಥಗಳಲ್ಲಿ ಅನುಭವದ ಸಂಪತ್ತು ಹೇರಳವಾಗಿದೆ. ಆದರೆ ಇಲ್ಲಿಯ ನಿದಾನವು ಸಾದೃಶ್ಯವನ್ನು ಅವಲಂಬಿಸಿದ್ದು. ಮನುಷ್ಯದೇಹದಲ್ಲಿ ಕಂಡ ತತ್ತ್ವವನ್ನು ಮರಕ್ಕೂ ಅನ್ವಯಿಸಿದರೆ ಹೊರತು, ಒಂದು ಕಾರಣವನ್ನು ತೆಗೆದುಹಾಕಿ ಉಳಿದವನ್ನು ಹಾಗೆಯೇ ಇರಿಸಿ ಪರಿಣಾಮವನ್ನು ನೋಡುವ ಕ್ರಮ ಇನ್ನೂ ಹುಟ್ಟಿರಲಿಲ್ಲ. ಅಲ್ಲದೆ ಈ ಗ್ರಂಥಗಳ ವಿಷಯ ಪ್ರಧಾನವಾಗಿ ತೋಟದ ಮರ, ಕುಂಡದ ಗಿಡವಲ್ಲ. ತೋಟದ ಮರದ ಬೇರು ಎಲ್ಲಿಗೆ ಹರಿಯಿತು, ಎಷ್ಟು ನೀರು ಕುಡಿಯಿತು ಎಂಬುದನ್ನು ಅಳೆಯುವುದು ದುಸ್ಸಾಧ್ಯ. ಕುಂಡದಲ್ಲಾದರೋ ಮಣ್ಣಿಗೆ ಎಲ್ಲೆಯುಂಟು. ಅದನ್ನು ತಕ್ಕಡಿಯಲ್ಲಿ ಇಡಬಹುದು.

ಹಾಗೆ ತಕ್ಕಡಿಯಲ್ಲಿಟ್ಟವರಲ್ಲಿ ಅತ್ಯಂತ ಪ್ರಸಿದ್ಧನಾದವನು ಬೆಲ್ಜಿಯಂ ಸೀಮೆಯ ವೈದ್ಯನಾದ ಯಾನ್ ಬಾಪ್ಟಿಸ್ಟ ಫಾನ್ ಹೆಲ್ಮಾಂಟ್. ಅವನು ಒಣಗಿಸಿದ ೨೦೦ ಪೌಂಡು ಮಣ್ಣನ್ನು ಮಣ್ಣಿನ ಪಾತ್ರೆಯೊಂದರಲ್ಲಿ ತುಂಬಿ, ೫ ಪೌಂಡು ತೂಕದ ವಿಲೋ ಗಿಡವನ್ನು ಅದರಲ್ಲಿ ನೆಟ್ಟು, ಹೊರಗಿನ ಧೂಳು ಬೀಳದಂತೆ ತೂತುಗಳುಳ್ಳ ತಗಡನ್ನು ಮುಚ್ಚಿ, ಐದು ವರ್ಷಗಳ ಕಾಲ ಮಳೆಯ ನೀರನ್ನೋ ಭಟ್ಟಿಯಿಳಿಸಿದ ನೀರನ್ನೋ ಎರೆದನು. ಕೊನೆಯಲ್ಲಿ ಮರ ೧೬೯ ಪೌಂಡು ೩ ಔನ್ಸಿನಷ್ಟು ತೂಗಿತು. ಮಣ್ಣು ಮಾತ್ರ ಸುಮಾರು ೨ ಔನ್ಸು ಕಡಮೆಯಾಗಿತ್ತು. ಆದುದರಿಂದ ೧೬೪ ಪೌಂಡುಗಳ ಕಟ್ಟಿಗೆ, ತೊಗಟೆ, ಬೇರುಗಳೆಲ್ಲವೂ ನೀರೊಂದರಿಂದಲೇ ಹುಟ್ಟಿದವೆಂದು ಅವನು ನಿರ್ಣಯಿಸಿದನು. ಅವನ ಮರಣಾನಂತರ ೧೬೪೮ರಲ್ಲಿ ಪ್ರಕಟವಾದ ಗ್ರಂಥದಿಂದ ಈ ಸಂಗತಿ ಲೋಕಕ್ಕೆ ತಿಳಿಯಿತು.

ಈ ಪ್ರಯೋಗದಲ್ಲಿ ತೂಕಕ್ಕಿಂತಲೂ ನಿರ್ಣಯದಲ್ಲಿಯೇ ದೋಷವಿತ್ತು. ಗಾಳಿಯನ್ನು ಅವನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಇದ್ದಿಲನ್ನು ಸುಟ್ಟಾಗ ಹೊರಡುವ ವಾಯುವನ್ನು ಗುರುತಿಸಿ, ಅಂತಹ ವಸ್ತುಗಳಿಗೆ ‘ಗ್ಯಾಸ್’ ಎಂಬ ಹೆಸರನ್ನಿತ್ತವನೂ ಇವನೇ ಆಗಿದ್ದನೆಂಬುದನ್ನು ನೆನೆದರೆ ವಿಷಾದವಾಗುತ್ತದೆ. ಮರದ ಒಡಲನ್ನು ಕಟ್ಟಿದ ಇಂಗಾಲವು ಅದೇ ವಾಯುವಿನಿಂದ ಬಂದಿತ್ತು. ಮಣ್ಣಿನಿಂದ ಕಳೆದುಹೋದ ೨ ಔನ್ಸುಗಳಿಗೂ ಅವನು ಬೆಲೆ ಕೊಡಲಿಲ್ಲ. ಆದರೆ ಗಿಡಕ್ಕೆ ಬೇಕಾದ ಖನಿಜಾಂಶವು ಪ್ರಮಾಣದಲ್ಲಿ ಅಲ್ಪವೆಂಬುದನ್ನೂ ಆ ಅಲ್ಪವೇ ಅನಿವಾರ್ಯವೆಂಬುದನ್ನೂ ಮುಂದಿನವರು ಕಂಡುಕೊಳ್ಳಬೇಕಾಯಿತು. ನೀರೇ ಆಹಾರವೆಂಬ ಈ ಭ್ರಾಂತಿ ಇಂದಿಗೂ ಪೂರ್ಣವಾಗಿ ಅಳಿದಿಲ್ಲ. ಸೊರಗಿದ ಗಿಡವನ್ನು ಕಂಡೊಡನೆ ಕೈ ತಂಬಿಗೆಯ ಕಡೆಗೆ ಹೋಗುವುದೇ ಇದಕ್ಕೆ ಸಾಕ್ಷಿ.

ಈ ಮತವನ್ನು ಮೊದಲು ಪರೀಕ್ಷೆಗೆ ಗುರಿಮಾಡಿದವರಲ್ಲಿ ಇಂಗ್ಲೆಂಡಿನ ಜಾನ್ ವುಡ್‌ವರ್ಡ್ ಮುಖ್ಯನು. ಅವನು ಪುದೀನದ ಜಾತಿಯ ಗಿಡಗಳನ್ನು ಮಳೆಯ ನೀರು, ಥೇಮ್ಸ್ ನದಿಯ ನೀರು, ತೋಟದ ಮಣ್ಣನ್ನು ಕದಡಿದ ನೀರು ಮೊದಲಾದವುಗಳಲ್ಲಿ ಬೇರೆಬೇರೆಯಾಗಿ ಬೆಳೆಸಿ ತೂಗಿದನು. ಕದಡಿದ ನೀರಿನಲ್ಲಿ ಬೆಳೆ ಹೆಚ್ಚಾಯಿತು. ಗಿಡವು ಹೀರಿದ ನೀರಿನ ಬಹುಭಾಗ ಎಲೆಗಳ ಮೂಲಕ ಹೊರಗೆ ಹೋಗಿಬಿಡುತ್ತದೆಂದೂ, ಬೆಳೆಯುವುದಕ್ಕೆ ನೀರಿನಲ್ಲಿರುವ ಮತ್ತೊಂದು ಪದಾರ್ಥ ಬೇಕೆಂದೂ ಅವನು ೧೬೯೯ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರತಿಪಾದಿಸಿದನು. ನೀರು ಮತ್ತು ಆಹಾರ ಎರಡಾಗಿ ಒಡೆದದ್ದು ಇಲ್ಲಿ.

ನೀರಿನ ಲೆಕ್ಕವನ್ನು ಖಚಿತಪಡಿಸಿದವನು ಟೆಡಿಂಗ್ಟನ್ನಿನ ಪಾದ್ರಿಯಾದ ಸ್ಟೀಫನ್ ಹೇಲ್ಸ್. ೧೭೨೪ರ ಜುಲೈ ತಿಂಗಳಲ್ಲಿ ಅವನು ಮೂರೂವರೆ ಅಡಿ ಎತ್ತರದ ಸೂರ್ಯಕಾಂತಿ ಗಿಡವೊಂದನ್ನು ಕುಂಡಸಹಿತವಾಗಿ ತೂಗಲಾರಂಭಿಸಿದನು. ಮಣ್ಣಿನ ಮೇಲ್ಭಾಗದಿಂದ ನೀರು ಆರಿಹೋಗದಂತೆ ಸೀಸದ ತಗಡನ್ನು ಮುಚ್ಚಿ ಸಂದುಗಳನ್ನು ಬಿಗಿಮಾಡಿ, ನೀರೆರೆಯಲು ಚಿಕ್ಕ ಕೊಳವೆಯೊಂದನ್ನು ಇರಿಸಿದನು. ಬೆಳಗ್ಗೆ ಸಂಜೆಗಳಲ್ಲಿ ತೂಗುತ್ತ ಹೋದಾಗ, ಹನ್ನೆರಡು ಗಂಟೆಗಳ ಹಗಲಿನಲ್ಲಿ ಗಿಡವು ಸರಾಸರಿ ೧ ಪೌಂಡು ೪ ಔನ್ಸು ನೀರನ್ನು ಹೊರಬಿಡುವುದೆಂದೂ, ಬಿಸಿಲಿನ ಒಣ ದಿನದಲ್ಲಿ ಅದು ೧ ಪೌಂಡು ೧೪ ಔನ್ಸಿಗೆ ಏರುವುದೆಂದೂ ತಿಳಿಯಿತು. ಬೆಚ್ಚನೆಯ ಒಣ ರಾತ್ರಿಯಲ್ಲಿ ಸುಮಾರು ೩ ಔನ್ಸು ಮಾತ್ರ ಹೋಗುತ್ತಿತ್ತು. ಇಬ್ಬನಿ ಬಿದ್ದ ರಾತ್ರಿ ಏನೂ ಹೋಗುತ್ತಿರಲಿಲ್ಲ. ಅಂದರೆ ಗಿಡದ ಬಾಯಾರಿಕೆ ದಿನದಿನಕ್ಕೆ ಬೇರೆ. ಪಂಚಾಂಗದಂತೆ ಎಣಿಸಿ ನೀರೆರೆಯುವ ಪದ್ಧತಿಗೆ ಆಧಾರವಿಲ್ಲವೆಂದಾಯಿತು. ಹೇಲ್ಸನು ಕೊನೆಗೆ ಗಿಡವನ್ನು ಕತ್ತರಿಸಿಹಾಕಿ, ಬರಿಯ ಕುಂಡವನ್ನೂ ತೂಗಿದನು. ಮೆರುಗಿಲ್ಲದ ಆ ಮಣ್ಣಿನ ಕುಂಡವೇ ಹಗಲಿನಲ್ಲಿ ೨ ಔನ್ಸು ನೀರನ್ನು ಬೆವರುತ್ತಿತ್ತು. ೧೭೨೭ರಲ್ಲಿ ಪ್ರಕಟವಾದ ಅವನ ಗ್ರಂಥದ ಈ ಸಣ್ಣ ಅಂಶಕ್ಕೆ ಇಂದಿನ ಕಾಲದಲ್ಲಿ ವಿಶೇಷವಾದ ಪ್ರಸಕ್ತಿಯಿದೆ.

ಆಹಾರದ ಪ್ರಶ್ನೆ ಇತ್ಯರ್ಥವಾದುದು ಹತ್ತೊಂಬತ್ತನೆಯ ಶತಮಾನದಲ್ಲಿ. ಬೇರುಗಳು ನೀರನ್ನೂ ಅದರಲ್ಲಿ ಕರಗಿದ ಲವಣಗಳನ್ನೂ ಒಂದೇ ಪ್ರಮಾಣದಲ್ಲಿ ಹೀರುವುದಿಲ್ಲವೆಂದು ನಿಕೊಲಾ ತಿಯೊಡೊರ್ ದ ಸೊಸ್ಯೂರ್ ೧೮೦೪ರಲ್ಲಿ ತೋರಿಸಿದನು. ಅತ್ಯಲ್ಪವಾಗಿ ದೊರೆಯುವ ಆಹಾರಾಂಶವೇ ಬೆಳವಣಿಗೆಯ ಮಿತಿಯನ್ನು ನಿರ್ಧರಿಸುವುದೆಂಬ ತತ್ತ್ವವನ್ನು ಜರ್ಮನಿಯ ಕಾರ್ಲ್ ಸ್ಪ್ರೆಂಗೆಲ್ ಮುಂದಿಟ್ಟನು. ೧೮೪೦ರ ಅನಂತರ ಯೂಸ್ಟುಸ್ ಲೀಬಿಗ್ ಅದನ್ನು ಪ್ರಚಾರಕ್ಕೆ ತಂದನು. ನಿದಾನಶಾಸ್ತ್ರದ ದೃಷ್ಟಿಯಿಂದ ಇವರೆಲ್ಲರಿಗಿಂತ ಮುಖ್ಯನಾದವನು ಫ್ರಾನ್ಸಿನ ಯೂಜೆಬ್ ಗ್ರಿಸ್. ಬಿಳಿಚಿಕೊಂಡ ಎಲೆಗಳಿಗೆ ಕಬ್ಬಿಣದ ಲವಣದ ದ್ರಾವಣವನ್ನು ಲೇಪಿಸಿದರೆ ಅವು ಮತ್ತೆ ಹಸುರಾಗುವುವೆಂದು ಅವನು ೧೮೪೩ರ ವೇಳೆಗೆ ಕಂಡುಹಿಡಿದನು. ಲಕ್ಷಣವನ್ನು ನೋಡಿ ಊಹಿಸಿದ್ದನ್ನು ಚಿಕಿತ್ಸೆಯಿಂದಲೇ ಪರೀಕ್ಷಿಸುವ ಮಾರ್ಗವಿದು. ಊಹೆ ಸರಿಯಾಗಿದ್ದರೆ ಎಲೆ ಉತ್ತರ ಹೇಳುತ್ತದೆ, ತಪ್ಪಾಗಿದ್ದರೆ ಮೌನವಾಗಿರುತ್ತದೆ.

೧೮೬೦ರ ಸುಮಾರಿಗೆ ಯೂಲಿಯುಸ್ ಸಾಕ್ಸ್ ಮತ್ತು ವಿಲ್‌ಹೆಲ್ಮ್ ಕ್ನೋಪ್ ಎಂಬ ಜರ್ಮನ್ ವಿದ್ವಾಂಸರು ಮಣ್ಣನ್ನೇ ಬಿಟ್ಟು, ಲವಣಗಳನ್ನು ಕರಗಿಸಿದ ನೀರಿನಲ್ಲಿ ಗಿಡಗಳನ್ನು ಬೆಳೆಸಿದರು. ಒಂದೊಂದು ಪಾತ್ರೆಯಲ್ಲಿ ಒಂದೊಂದು ಧಾತುವನ್ನು ಮಾತ್ರ ಬಿಟ್ಟು ನೋಡುವುದು ಈಗ ಶಕ್ಯವಾಯಿತು. ಸಾರಜನಕ, ರಂಜಕ, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ, ಗಂಧಕ, ಕಬ್ಬಿಣ ಇವು ಬೇರಿನ ಮೂಲಕ ದೊರೆಯಲೇಬೇಕಾದ ಆಹಾರಗಳೆಂದು ಸ್ಥಿರಪಟ್ಟಿತು. ೧೯೨೩ರಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ಡಿನಲ್ಲಿ ಕ್ಯಾಥರೀನ್ ವಾರಿಂಗ್ಟನ್ ಬೋರಾನಿನ ಅವಶ್ಯಕತೆಯನ್ನು ತೋರಿಸಿಕೊಟ್ಟಳು. ಮ್ಯಾಂಗನೀಸ್, ಸತು, ತಾಮ್ರ, ಮಾಲಿಬ್ಡಿನಂಗಳು ೧೯೩೯ರೊಳಗೂ, ಕ್ಲೋರಿನ್ ೧೯೫೪ರಲ್ಲಿಯೂ, ನಿಕ್ಕಲ್ ೧೯೮೭ರಲ್ಲಿಯೂ ಈ ಪಟ್ಟಿಗೆ ಸೇರಿದವು.

ಹೀಗೆ ಕುಂಡಗಳಲ್ಲಿ ಬೇಕೆಂದೇ ಉಂಟುಮಾಡಿದ ಹಸಿವಿನ ಲಕ್ಷಣಗಳನ್ನು ಬ್ರಿಸ್ಟಲ್ ನಗರದ ಸಮೀಪದ ಲಾಂಗ್ ಆಷ್ಟನ್ ಸಂಶೋಧನ ಕೇಂದ್ರದ ಥಾಮಸ್ ವ್ಯಾಲೇಸ್ ೧೯೪೩ರಲ್ಲಿ ವರ್ಣಚಿತ್ರಗಳೊಡನೆ ಪುಸ್ತಕರೂಪದಲ್ಲಿ ಪ್ರಕಟಿಸಿದನು. ಎಲೆಯ ಬಣ್ಣದಷ್ಟೇ ಎಲೆಯ ವಯಸ್ಸೂ ಮುಖ್ಯವೆಂಬುದು ಇಂತಹ ಅಭ್ಯಾಸದಿಂದ ದೊರೆತ ಉಪಯುಕ್ತ ಸೂತ್ರ. ಸಾರಜನಕ, ಪೊಟ್ಯಾಸಿಯಂ, ಮೆಗ್ನೀಸಿಯಂಗಳನ್ನು ಗಿಡವು ಹಳೆಯ ಎಲೆಗಳಿಂದ ಹೊಸ ಚಿಗುರಿಗೆ ಸಾಗಿಸಬಲ್ಲದು. ಆದುದರಿಂದ ಅವುಗಳ ಕೊರತೆ ಮೊದಲು ಕೆಳಗಿನ ಎಲೆಗಳಲ್ಲಿ ಕಾಣುತ್ತದೆ. ಕಬ್ಬಿಣ, ಕ್ಯಾಲ್ಸಿಯಂ, ಬೋರಾನುಗಳನ್ನು ಹಾಗೆ ಸುಲಭವಾಗಿ ಸಾಗಿಸಲಾರದು. ಅವುಗಳ ಕೊರತೆ ಎಳೆಯ ಎಲೆಗಳಲ್ಲಿ ತಲೆದೋರುತ್ತದೆ. ಸಾರಜನಕದ ಕೊರತೆಯಲ್ಲಿ ಹಳೆಯ ಎಲೆ ಇಡಿಯಾಗಿ ಮಾಸಿ ಹಳದಿಯಾಗುತ್ತದೆ. ಕಬ್ಬಿಣದ ಕೊರತೆಯಲ್ಲಿ ಎಳೆಯ ಎಲೆಯ ನರಗಳು ಹಸುರಾಗಿಯೇ ಉಳಿದು ನಡುವಣ ಭಾಗ ಬಿಳಿಚುತ್ತದೆ.

ಇಷ್ಟಾದರೂ ಚಿತ್ರಪಟವನ್ನು ನೋಡಿ ಗೊಬ್ಬರ ಹಾಕುವವನು ಮೋಸಹೋಗುವ ಸಂಭವವುಂಟು. ಕಾರಣವು ಬೇರಿನಲ್ಲಿದೆ. ಬೇರು ಉಸಿರಾಡುವ ಅಂಗ. ಕುಂಡದ ಮಣ್ಣಿನ ಸಂದುಗಳೆಲ್ಲ ನೀರಿನಿಂದ ತುಂಬಿದರೆ ಆಮ್ಲಜನಕ ದೊರೆಯದೆ ಬೇರು ನಿಶ್ಶಕ್ತವಾಗುತ್ತದೆ. ಆಗ ಅದು ನೀರನ್ನೂ ಹೀರಲಾರದು, ಲವಣವನ್ನೂ ಹೀರಲಾರದು. ನೀರಿನ ನಡುವೆ ನಿಂತ ಗಿಡ ಬಾಯಾರಿದಂತೆ ಬಾಡುತ್ತದೆ. ಗೊಬ್ಬರದ ನಡುವೆ ನಿಂತ ಗಿಡ ಹಸಿದಂತೆ ಹಳದಿಯಾಗುತ್ತದೆ. ಇದನ್ನು ತಿಳಿಯದೆ ಮತ್ತಷ್ಟು ನೀರೆರೆದರೆ ಬೇರು ಕೊಳೆಯುತ್ತದೆ. ಗೊಬ್ಬರ ಹಾಕಿದರೆ ಲವಣಗಳು ಸಂಚಯವಾಗಿ ಎಲೆಯ ತುದಿಗಳು ಸುಡುತ್ತವೆ. ವುಡ್‌ವರ್ಡನು ಬೇರ್ಪಡಿಸಿದ ನೀರು, ಆಹಾರಗಳು ಬೇರಿನಲ್ಲಿ ಮತ್ತೆ ಒಂದುಗೂಡುತ್ತವೆ.

ಇಪ್ಪತ್ತನೆಯ ಶತಮಾನದ ಸಂಶೋಧನೆಗಳು ಗಮನವನ್ನು ಪುನಃ ಮಣ್ಣಿನ ಕಡೆಗೆ ತಿರುಗಿಸಿದವು. ಅಮೆರಿಕದ ಬ್ರಿಗ್ಸ್ ಮತ್ತು ಶಾಂಟ್ಸ್ ಎಂಬವರು ೧೯೧೨ರಲ್ಲಿ, ಮೇಣದಿಂದ ಮುಚ್ಚಿದ ಸಣ್ಣ ಪಾತ್ರೆಗಳಲ್ಲಿ ಗಿಡಗಳನ್ನು ಬೆಳೆಸಿ, ಗಿಡವು ಚೇತರಿಸಿಕೊಳ್ಳಲಾರದಂತೆ ಬಾಡುವಾಗ ಮಣ್ಣಿನಲ್ಲಿ ಉಳಿದಿರುವ ನೀರಿನ ಪ್ರಮಾಣವು ಗಿಡದ ಜಾತಿಗಿಂತ ಮಣ್ಣಿನ ಜಾತಿಯನ್ನೇ ಹೆಚ್ಚಾಗಿ ಅವಲಂಬಿಸುವುದೆಂದು ತಿಳಿಸಿದರು. ಲಂಡನ್ನಿನ ಬಳಿಯ ಜಾನ್ ಇನ್ಸ್ ಸಂಸ್ಥೆಯಲ್ಲಿ ಲಾರೆನ್ಸ್ ಮತ್ತು ನ್ಯೂವೆಲ್ ಎಂಬವರು ೧೯೩೦ರ ದಶಕದಲ್ಲಿ ಕುಂಡದ ಮಣ್ಣಿಗೇ ಒಂದು ನಿಯತವಾದ ಪಾಕವನ್ನು ಗೊತ್ತುಮಾಡಿದರು: ಶುದ್ಧಿಗೊಳಿಸಿದ ಮೆಕ್ಕಲುಗೋಡು ಏಳು ಪಾಲು, ಜೌಗುನೆಲದ ಪೀಟ್ ಮೂರು ಪಾಲು, ದಪ್ಪ ಮರಳು ಎರಡು ಪಾಲು. ಅದುವರೆಗೆ ಒಂದೊಂದು ಗಿಡಕ್ಕೆ ಒಂದೊಂದು ಗುಟ್ಟಿನ ಮಿಶ್ರಣವಿರುತ್ತಿತ್ತು. ಮಣ್ಣು ಒಂದೇ ಆದಮೇಲೆ ದೋಷವನ್ನು ಬೇರೆಡೆ ಹುಡುಕುವುದು ಸುಲಭವಾಯಿತು.

ಹಿಂದಿನ ತೋಟಗಾರರು ಮಣ್ಣಿನ ಕುಂಡವನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡುತ್ತಿದ್ದರು. ಗಣಗಣ ದನಿಯಾದರೆ ಒಳಗೆ ಒಣಗಿದೆಯೆಂದೂ, ಮಂಕಾದ ದನಿಯಾದರೆ ತೇವವಿದೆಯೆಂದೂ ತಿಳಿಯುತ್ತಿದ್ದರು. ಪ್ಲಾಸ್ಟಿಕ್ ಕುಂಡಗಳು ಬಂದಮೇಲೆ ಆ ಪರೀಕ್ಷೆ ಉಪಯೋಗವಿಲ್ಲದಾಯಿತು. ಅಷ್ಟೇ ಅಲ್ಲ, ಹೇಲ್ಸನು ಅಳೆದ ಆ ೨ ಔನ್ಸು ಬೆವರೂ ನಿಂತುಹೋಯಿತು. ಮಣ್ಣಿನ ಕುಂಡಕ್ಕೆ ಎರೆದಷ್ಟೇ ನೀರನ್ನು ಪ್ಲಾಸ್ಟಿಕ್ ಕುಂಡಕ್ಕೂ ಎರೆದರೆ, ಹೊರಬೀಳದ ನೀರು ಬೇರನ್ನು ಉಸಿರುಗಟ್ಟಿಸುತ್ತದೆ. ಇನ್ನು ಕೊಳವೆಬಾವಿಯ ಗಡಸು ನೀರನ್ನು ಬಹುಕಾಲ ಎರೆದರೆ ಮಣ್ಣು ಕ್ಷಾರವಾಗಿ, ಅದರಲ್ಲಿ ಕಬ್ಬಿಣವಿದ್ದೂ ಗಿಡಕ್ಕೆ ದಕ್ಕದೆ ಹೋಗುತ್ತದೆ. ಬೆಂಗಳೂರಿನಂತಹ ಊರುಗಳ ಮಹಡಿತೋಟಗಳಲ್ಲಿ ಚಿಗುರು ಬಿಳಿಚಿದುದನ್ನು ಕಂಡಾಗ ಈ ಸಾಧ್ಯತೆಯನ್ನೂ ಯೋಚಿಸಬೇಕಾಗುತ್ತದೆ. ಕಂಡದ್ದು ಆಹಾರದ ಕೊರತೆ, ಮೂಲವಾದರೋ ನೀರು.

ಈ ಚರಿತ್ರೆಯಿಂದ ನಿದಾನದ ಒಂದು ಕ್ರಮ ತಾನಾಗಿಯೇ ಹೊರಪಡುತ್ತದೆ. ಮೊದಲು ಕುಂಡವನ್ನು ಎತ್ತಿ ಅದರ ಭಾರವನ್ನು ಅರಿಯಬೇಕು. ಬೆರಳನ್ನು ಮಣ್ಣಿನೊಳಗೆ ಇಳಿಸಿ ತೇವವನ್ನು ನೋಡಬೇಕು. ಸಂದೇಹವಿದ್ದರೆ ಗಿಡವನ್ನು ಮಣ್ಣಿನ ಹೆಂಟೆಸಹಿತ ಹೊರತೆಗೆದು ಬೇರು ಬೆಳ್ಳಗೆ ಗಟ್ಟಿಯಾಗಿದೆಯೋ ಕಂದಾಗಿ ಮೆತ್ತಗಾಗಿದೆಯೋ ಪರೀಕ್ಷಿಸಬೇಕು. ಬೇರು ಆರೋಗ್ಯವಾಗಿದೆಯೆಂದು ಖಚಿತವಾದ ಅನಂತರವೇ ಎಲೆಯ ವಯಸ್ಸನ್ನೂ ಬಣ್ಣವನ್ನೂ ನೋಡಿ ಆಹಾರದ ವಿಚಾರಕ್ಕೆ ಬರಬೇಕು. ಆಗಲೂ ಗ್ರಿಸ್‌ನಂತೆ ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ ಪರಿಣಾಮವನ್ನು ಕಾದು ನೋಡಬೇಕು. ನೀರನ್ನೂ ಗೊಬ್ಬರವನ್ನೂ ಜಾಗವನ್ನೂ ಒಟ್ಟಿಗೆ ಬದಲಾಯಿಸಿದವನ ಗಿಡ ಬದುಕಬಹುದು. ಆದರೆ ಅದು ಏತರಿಂದ ಬದುಕಿತೆಂಬುದು ಅವನಿಗೆ ತಿಳಿಯುವುದಿಲ್ಲ.

ಮಳೆಗಾಲದಲ್ಲಿ ನೆಲ ಒಣಗಿದಾಗ ಮಾತ್ರ ನೀರೆರೆಯಬೇಕೆಂದ ವರಾಹಮಿಹಿರನ ಮಾತಿನಲ್ಲಿ ಈ ಕ್ರಮದ ಮೊದಲ ಮೆಟ್ಟಿಲು ಇತ್ತು. ಅದನ್ನು ಎಲ್ಲ ಋತುಗಳಿಗೂ ವಿಸ್ತರಿಸಿ, ತಕ್ಕಡಿಯ ಬೆಂಬಲವನ್ನು ಕೊಟ್ಟುದು ಅನಂತರದವರ ಕೆಲಸ. ನಮ್ಮ ಕಾಲೇಜುಗಳ ಸಸ್ಯಶಾಸ್ತ್ರ ವಿಭಾಗಗಳಲ್ಲಿ ಹೇಲ್ಸನ ಪ್ರಯೋಗವನ್ನು ಒಂದು ಕುಂಡ, ಒಂದು ತಕ್ಕಡಿ, ಒಂದು ತಗಡು ಇವಿಷ್ಟರಿಂದಲೇ ನಡೆಸಬಹುದು. ಹದಿನೈದು ದಿನಗಳ ಕಾಲ ಒಂದು ಗಿಡವನ್ನು ತೂಗಿದ ವಿದ್ಯಾರ್ಥಿಯು ಎಲೆ ಹಳದಿಯಾಯಿತೆಂದೊಡನೆ ತಂಬಿಗೆಯನ್ನು ಹಿಡಿಯಲಾರನು. ಮೊದಲು ಕುಂಡವನ್ನು ಎತ್ತಿ ನೋಡುವನು.